ಶುಕ್ರವಾರ ಸಂಜೆ ಅಲ್ಲೇನಿತ್ತು ಕೆಲಸ?

ಈ ಪ್ರಶ್ನೆ ಮೊದಲು ಬಂದಿದ್ದು ಸೋದರತ್ತೆಯಿಂದ, ಮದುವೆ ಮನೆಯ ಪಂಕ್ತಿಯಲ್ಲಿ. "ಅಮೆರಿಕದಲ್ಲಿ ಪ್ರತಿ ಶುಕ್ರವಾರ ಯಹೂದಿಗಳ ಹತ್ರ ಊಟಕ್ಕೆ ಹೋಗ್ತಿದ್ಯಂತೆ, ಅಲ್ಲೇನೋ ಇತ್ತು ನಿನಗೆ ಕೆಲಸ? ಅವರ ಮತಕ್ಕೆ ಸೇರಿಸ್ಕೊಳ್ಳಕ್ಕೆ ನೋಡ್ಲಿಲ್ವಾ?" ಆಮೇಲೆ ಆಫೀಸಿನವರು, ಹಳೇ ಗೆಳೆಯರು, ಒಮ್ಮೆ ಮನೆ ಮಾಲೀಕರು ಕೂಡ ಕೇಳಿದ್ದಾರೆ. ಧಾಟಿ ಬೇರೆ ಬೇರೆ, ಪ್ರಶ್ನೆ ಅದೇ.

ಎರಡನೆಯದಕ್ಕೆ ಉತ್ತರ ಸುಲಭ. ಇಲ್ಲ. ಯಹೂದಿಗಳಲ್ಲಿ ಮತಪ್ರಚಾರದ ರೂಢಿಯೇ ಇಲ್ಲ. ತಾವಾಗಿ ಸೇರುತ್ತೇನೆ ಎಂದು ಬಂದವರನ್ನೂ ಸುಲಭಕ್ಕೆ ಸೇರಿಸಿಕೊಳ್ಳುವುದಿಲ್ಲ. ಮೊದಲನೆಯದಕ್ಕೆ ಸ್ವಲ್ಪ ಹೊತ್ತು ಹಿಡಿಯುತ್ತದೆ.

2014ರಿಂದ 2020ರವರೆಗೆ ನಾನು ಇಲಿನಾಯ್ ವಿಶ್ವವಿದ್ಯಾಲಯದ ಅರ್ಬಾನಾ-ಶಾಂಪೇನ್ ಕ್ಯಾಂಪಸ್ಸಿನಲ್ಲಿ ಪಿಎಚ್‌ಡಿ ಮಾಡುತ್ತಿದ್ದೆ. ಕಣ್ಣು ಹಾಯಿಸಿದಷ್ಟೂ ಮೆಕ್ಕೆಜೋಳ. ಕ್ಯಾಂಪಸ್ಸಿನ ನಡುವೆಯೇ 1876ರಿಂದ ಉಳುತ್ತಾ ಬಂದಿರುವ ಪ್ರಯೋಗದ ಹೊಲವೊಂದಿದೆ. ಅದರ ಮೇಲೆ ನೆರಳು ಬೀಳಬಾರದು ಅಂತ ಪಕ್ಕದ ಗ್ರಂಥಾಲಯವನ್ನು ನೆಲದಡಿ ಕಟ್ಟಿದರು. ಬೆಳೆಯನ್ನು ಇಷ್ಟು ಚೆನ್ನಾಗಿ ನೋಡಿಕೊಳ್ಳುವ ಊರಲ್ಲಿ, ಡಿಸೆಂಬರಿನ ಒಂದು ಸಂಜೆ ನಾಲ್ಕೂವರೆಗೇ ಕತ್ತಲಾದಾಗ, ಬೆಳಗಿನಿಂದ ಯಾರ ಜೊತೆಗೂ ಒಂದು ಮಾತೂ ಆಡಿಲ್ಲ ಅನ್ನುವುದು ನನಗೆ ಹೊಳೆಯಿತು. ಅದನ್ನು ಲ್ಯಾಬಿನ ಗೆಳೆಯನಿಗೆ ಹೇಳಿದೆ. ಅವನು ಯಹೂದಿ. "ಶುಕ್ರವಾರ ಹಿಲೆಲ್‌ಗೆ ಬಾ, ಊಟ ಇರುತ್ತೆ" ಅಂದ.

ಹಿಲೆಲ್ ಅಂದರೆ ಯಹೂದಿ ವಿದ್ಯಾರ್ಥಿಗಳ ಕೇಂದ್ರ. ಜಾನ್ ಸ್ಟ್ರೀಟಿನಲ್ಲಿದೆ. ಸಸ್ಯಾಹಾರಿಗೆ ಅಲ್ಲಿ ಏನು ಸಿಗುತ್ತದೋ ಅಂತ ಅನುಮಾನವಾಗಿ ಒಂದು ಡಬ್ಬಿ ಮೊಸರನ್ನ ಕಲಸಿಕೊಂಡು ಹೋದೆ. ಇಂಗು, ಸಾಸಿವೆ, ಒಣಮೆಣಸಿನ ಒಗ್ಗರಣೆ ಬೇರೆ. ಬಾಗಿಲಲ್ಲಿದ್ದ ಹುಡುಗಿ ಡಬ್ಬಿ ನೋಡಿ "ಏನಿದು?" ಅಂದಳು. "ಮೊಸರು" ಅಂದೆ. ಹುಡುಗಿಯ ಮುಖ ನಮ್ಮಜ್ಜಿಯ ಮುಖವಾಯಿತು, ಮಡಿಯಲ್ಲಿರುವಾಗ ಯಾರೋ ಅಡುಗೆಮನೆಗೆ ಕಾಲಿಟ್ಟಾಗಿನ ಮುಖ.

ಅವತ್ತು ಕೋಳಿಯ ಅಡುಗೆ. ಕೋಷರ್ ಎಂಬ ಯಹೂದಿ ಆಹಾರ ನಿಯಮದ ಪ್ರಕಾರ ಮಾಂಸದ ಊಟದಲ್ಲಿ ಹಾಲು, ಮೊಸರು, ಬೆಣ್ಣೆ ಯಾವುದೂ ಬರುವ ಹಾಗಿಲ್ಲ. ಆಡಿನ ಮರಿಯನ್ನು ಅದರ ತಾಯಿಯ ಹಾಲಿನಲ್ಲಿ ಬೇಯಿಸಬೇಡ ಎಂದು ಅವರ ಧರ್ಮಗ್ರಂಥ ಮೂರು ಕಡೆ ಹೇಳುತ್ತದೆ. ಆ ಒಂದು ಮಾತಿನಿಂದ ಬೆಳೆದದ್ದು ಎರಡು ಸೆಟ್ ಪಾತ್ರೆ, ಎರಡು ಸೆಟ್ ತಟ್ಟೆ ಚಮಚ, ಎರಡು ಸಿಂಕು. ಮೇಲಾಗಿ ಹೊರಗಿನ ಅಡುಗೆಯೇ ಒಳಗೆ ಬರುವಂತಿಲ್ಲ. ಮುಸುರೆ ಅಂದರೇನು ಅಂತ ಗೊತ್ತಿರುವವನಿಗೆ ಇದನ್ನು ಬಿಡಿಸಿ ಹೇಳಬೇಕೆ? ನಾನೇ "ಸಾರಿ" ಅಂದೆ. ನನ್ನ ಡಬ್ಬಿಯನ್ನು ಆಫೀಸು ಕೋಣೆಯ ಮೂಲೆಯಲ್ಲಿ ಪ್ರತ್ಯೇಕವಾಗಿ ಕೂರಿಸಿದರು. ನನಗೆ ಹುರಿದ ತರಕಾರಿ, ಅನ್ನ, ಕಡಲೆ ಅರೆದ ಹಮ್ಮುಸ್, ಹೆಣೆದ ಜಡೆಯಂಥ ಹಾಲ್ಲಾ ಬ್ರೆಡ್ಡು ಸಿಕ್ಕಿತು. (ಹಾಲ್ಲಾಕ್ಕೆ ಮೊಟ್ಟೆ ಹಾಕುತ್ತಾರೆ. ಅಮ್ಮನಿಗೆ ಇದು ಇಲ್ಲಿ ಓದಿಯೇ ತಿಳಿಯಲಿ.)

ಮೇಣದಬತ್ತಿ ಹಚ್ಚಿ, ದ್ರಾಕ್ಷಾರಸದ ಬಟ್ಟಲು ಹಿಡಿದು ಹಾಡಿದರು. ಊಟ ಮುಗಿದರೂ ಯಾರೂ ಏಳಲಿಲ್ಲ. ಶುಕ್ರವಾರ ಸಂಜೆಯಿಂದ ಶನಿವಾರ ರಾತ್ರಿಯವರೆಗೆ ಸಬ್ಬತ್, ಅಂದರೆ ವಾರದ ವಿಶ್ರಾಂತಿಯ ದಿನ. ಅದನ್ನು ಕಟ್ಟುನಿಟ್ಟಾಗಿ ಆಚರಿಸುವವರು ಸೂರ್ಯ ಮುಳುಗಿದ ಮೇಲೆ ಫೋನ್ ಮುಟ್ಟುವುದಿಲ್ಲ, ಪೆನ್ನು ಹಿಡಿಯುವುದಿಲ್ಲ. ಹಾಗಾಗಿ ಮಾತಾಡದೆ ಬೇರೆ ದಾರಿಯೇ ಇಲ್ಲ. ಆ ವಾರ ನಾನು ಮೊದಲ ಸಲ ಮೂರು ಗಂಟೆ ಮಾತಾಡಿದೆ. ಊಟಕ್ಕೆ ಯಾರೂ ದುಡ್ಡು ಕೇಳಲಿಲ್ಲ, ನೀನು ಯಾರು ಅಂತಲೂ ಕೇಳಲಿಲ್ಲ.

ಇಂಥ ಕೇಂದ್ರಗಳು ಈಗ ಐನೂರಕ್ಕೂ ಹೆಚ್ಚು ಕ್ಯಾಂಪಸ್ಸುಗಳಲ್ಲಿವೆ. ಮೊಟ್ಟಮೊದಲು ಶುರುವಾದದ್ದು ಮಾತ್ರ ಇದೇ ಜೋಳದ ಹೊಲಗಳ ಮಧ್ಯೆ, 1923ರಲ್ಲಿ. ಅದಕ್ಕೂ ಒಂದು ವರ್ಷ ಹಿಂದೆ, 1922ರಲ್ಲಿ, ಹಾರ್ವರ್ಡಿನ ಅಧ್ಯಕ್ಷ ಲೊವೆಲ್ ತಮ್ಮಲ್ಲಿ ಯಹೂದಿ ವಿದ್ಯಾರ್ಥಿಗಳು ಹೆಚ್ಚಾದರು, ಮಿತಿ ಹಾಕಬೇಕು ಅಂತ ಬಹಿರಂಗವಾಗಿ ವಾದಿಸಿದ್ದರು. ಇಲಿನಾಯ್‌ನಲ್ಲಿ ಬೈಬಲ್ ಸಾಹಿತ್ಯ ಪಾಠ ಮಾಡುತ್ತಿದ್ದ ಎಡ್ವರ್ಡ್ ಚಾನ್ಸಿ ಬಾಲ್ಡ್‌ವಿನ್ ಅನ್ನುವ ಕ್ರೈಸ್ತ ಪ್ರಾಧ್ಯಾಪಕರಿಗೆ ಚಿಂತೆಯಾಗಿದ್ದೇ ಬೇರೆ: ತಮ್ಮ ತರಗತಿಯ ಯಹೂದಿ ಹುಡುಗರಿಗೆ ತಮ್ಮದೇ ಪರಂಪರೆ ಗೊತ್ತಿಲ್ಲವಲ್ಲ ಅಂತ. ಅವರು ಸಮುದಾಯದ ಹಿರಿಯರ ಬೆನ್ನು ಹತ್ತಿದರು. ಕೆಲಸ ಹೊತ್ತವರು ಬೆಂಜಮಿನ್ ಫ್ರಾಂಕೆಲ್ ಎಂಬ ಎಳೆಯ ರಬ್ಬಿ, ಅಂದರೆ ಯಹೂದಿ ಧರ್ಮಗುರು. ಬ್ನಾಯ್ ಬ್ರಿತ್ ಅನ್ನುವ ಯಹೂದಿ ಸಂಘ ಖರ್ಚು ವಹಿಸಿಕೊಂಡಿತು. ಫ್ರಾಂಕೆಲ್ 1927ರಲ್ಲೇ ತೀರಿಕೊಂಡರು, ಆಗಿನ್ನೂ ಮೂವತ್ತು ವಯಸ್ಸು. ನಮ್ಮ ಕಡೆ ಒಂದೊಂದು ಸಮುದಾಯ ತನ್ನ ಹುಡುಗರಿಗೆ ಅಂತ ಹಾಸ್ಟೆಲು ಕಟ್ಟಿದ್ದು ಯಾಕೆ ಅಂತ ಬಲ್ಲವರಿಗೆ ಈ ಕತೆ ಹೊಸದೇನಲ್ಲ.

ಹೆಸರಿನ ಕತೆ ಇನ್ನೂ ಚೆಂದ. ಹಿಲೆಲ್ ಎರಡು ಸಾವಿರ ವರ್ಷದ ಹಿಂದಿನ ಗುರು, ಹುಡುಗನಾಗಿದ್ದಾಗ ಕೂಲಿಯವನು. ದಿನದ ಕೂಲಿಯಲ್ಲಿ ಅರ್ಧ ಮನೆಗೆ, ಅರ್ಧ ಪಾಠಶಾಲೆಯ ಬಾಗಿಲು ಕಾಯುವವನಿಗೆ. ಚಳಿಗಾಲದ ಒಂದು ಶುಕ್ರವಾರ ಕೂಲಿ ಸಿಗಲಿಲ್ಲ, ಬಾಗಿಲವನು ಬಿಡಲಿಲ್ಲ. ಹುಡುಗ ಚಾವಣಿ ಹತ್ತಿ ಬೆಳಕಿಂಡಿಗೆ ಕಿವಿಯಿಟ್ಟು ಪಾಠ ಕೇಳುತ್ತಾ ಮಲಗಿದ. ಮೇಲೆ ಹಿಮ ಬಿತ್ತು. ಬೆಳಿಗ್ಗೆ ಒಳಗೆ ಬೆಳಕೇ ಬರಲಿಲ್ಲವಲ್ಲ ಅಂತ ಗುರುಗಳು ತಲೆಯೆತ್ತಿದರೆ ಕಿಂಡಿಯಲ್ಲಿ ಮನುಷ್ಯನ ಆಕಾರ! ಇಳಿಸಿ, ಮೀಯಿಸಿ, ಎಣ್ಣೆ ಹಚ್ಚಿ, ಬೆಂಕಿಯ ಮುಂದೆ ಕೂರಿಸಿದರು. ಸಬ್ಬತ್ ದಿನ ಇಂಥ ಕೆಲಸ ಮಾಡುವ ಹಾಗಿಲ್ಲ. ಇವನಿಗಾಗಿ ಸಬ್ಬತ್ ಮುರಿದರೂ ಸರಿ ಅಂದರಂತೆ. ತಾಲ್ಮುಡ್ ಎಂಬ ಯಹೂದಿ ಧರ್ಮಗ್ರಂಥದ ಈ ಕತೆಯನ್ನು ಹೊರಗೆ ಹಿಮ ಬೀಳುತ್ತಿದ್ದ ರಾತ್ರಿ ಒಬ್ಬ ಹುಡುಗ ನನಗೆ ಹೇಳಿದ.

ಬದಲಿಗೆ ನಾನು ತಾತನ ವಾರಾನ್ನದ ಕತೆ ಹೇಳಿದೆ. ಮೈಸೂರಿನಲ್ಲಿ ಓದುವಾಗ ತಾತನದು ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು; ಗುರುವಾರದ ಮನೆಯವರು ತುಪ್ಪ ಬಡಿಸುತ್ತಿರಲಿಲ್ಲ ಅನ್ನುವುದನ್ನು ಅವರು ಎಂಬತ್ತರಲ್ಲೂ ಮರೆತಿರಲಿಲ್ಲ. ಹುಡುಗ ಮೇಜು ಕುಟ್ಟಿದ. ಪೂರ್ವ ಯುರೋಪಿನ ಯೆಶಿವಾ (ಯಹೂದಿ ಧರ್ಮಪಾಠಶಾಲೆ) ವಿದ್ಯಾರ್ಥಿಗಳೂ ಹಾಗೇ ದಿನಕ್ಕೊಂದು ಮನೆಯಲ್ಲಿ ಉಣ್ಣುತ್ತಿದ್ದರಂತೆ. ಅವರ ಯಿಡ್ಡಿಷ್ ಭಾಷೆಯಲ್ಲಿ ಅದಕ್ಕೆ 'ಎಸ್ಸೆನ್ ಟೆಗ್', ಅಂದರೆ ದಿನ ಉಣ್ಣುವುದು. ಅವನ ಮುತ್ತಜ್ಜನಿಗೂ ಒಂದು ಕೆಟ್ಟ ವಾರ ಇತ್ತಂತೆ.

ಇನ್ನು ಪಂಚಾಂಗದ ವಿಷಯ. 2016ರ ಅಕ್ಟೋಬರ್ 12, ಯೋಮ್ ಕಿಪ್ಪುರ್, ಯಹೂದಿಗಳ ಪ್ರಾಯಶ್ಚಿತ್ತದ ದಿನ. ಇಪ್ಪತ್ತೈದು ಗಂಟೆ ನೀರೂ ಇಲ್ಲದ ಉಪವಾಸ. ನಾನು ಆಗ ಟಿಎ, ಅಂದರೆ ಬೋಧನಾ ಸಹಾಯಕ; ನಮ್ಮ ಮಿಡ್‌ಟರ್ಮ್ ಪರೀಕ್ಷೆ ಅದೇ ದಿನ. ಇಬ್ಬರು ವಿದ್ಯಾರ್ಥಿಗಳು ಎರಡು ವಾರ ಮುಂಚೆಯೇ ಬಂದು ಹೇಳಿದರು. ಇಲಿನಾಯ್‌ನಲ್ಲಿ ಇದಕ್ಕೆ ಕಾನೂನೇ ಇದೆ, ಧಾರ್ಮಿಕ ಆಚರಣೆಗೆ ತಪ್ಪಿಸಿಕೊಂಡ ಪರೀಕ್ಷೆಯನ್ನು ಬೇರೆ ದಿನ ಕೊಡಬೇಕು. ಶುಕ್ರವಾರ ನಾನೇ ಅವರಿಬ್ಬರನ್ನು ಕೂರಿಸಿ ಪ್ರಶ್ನೆಪತ್ರಿಕೆ ಕೊಟ್ಟೆ. ತಮಾಷೆಯೆಂದರೆ ಆ ಬುಧವಾರ ಬೆಳಿಗ್ಗೆ ಅಮ್ಮನ ಫೋನು: "ಇವತ್ತು ಏಕಾದಶಿ ಕಣೋ, ಅನ್ನ ತಿನ್ಬೇಡ." ಕಾಕತಾಳೀಯವೇನಲ್ಲ. ಅವರದೂ ಚಂದ್ರನ ಲೆಕ್ಕದ ತಿಂಗಳು, ಅಧಿಕ ಮಾಸವೂ ಇದೆ. ಹತ್ತೊಂಬತ್ತು ವರ್ಷಕ್ಕೆ ಏಳು. ಪಾಸೋವರ್ ಹಬ್ಬದ ವಾರ ಯುರೋಪ್ ಮೂಲದ ಸಂಪ್ರದಾಯಸ್ಥರು ಬ್ರೆಡ್ಡಿನ ಜೊತೆ ಅನ್ನ, ಬೇಳೆ, ಕಾಳನ್ನೂ ಬಿಡುತ್ತಾರೆ. ದ್ವಿದಳ ವ್ರತದಲ್ಲಿ ತೊವ್ವೆಯಿಲ್ಲದೆ ಊಟ ಮಾಡಿದ ಮನೆಯಿಂದ ಬಂದ ನನಗೆ ಆ ವಾರ ಅವರ ಮೇಲೆ ತುಂಬಾ ಕನಿಕರ.

ಅಲ್ಲಿ ಎಲ್ಲವೂ ಹಾಡು ಊಟವೇ ಆಗಿತ್ತು ಅಂದರೆ ಸುಳ್ಳಾಗುತ್ತದೆ. ಇಸ್ರೇಲ್ ವಿಷಯಕ್ಕೆ ಮೇಜಿನಲ್ಲೇ ಎರಡು ಗುಂಪಾಗುತ್ತಿತ್ತು. ಯಾವ ಭಾಷಣಕಾರರನ್ನು ಕರೆಯಬಾರದು ಅಂತ ಹಿಲೆಲ್ ಕೇಂದ್ರ ಕಚೇರಿ 2010ರಲ್ಲಿ ನಿಯಮ ಮಾಡಿದ್ದನ್ನು ಸ್ವಾರ್ತ್‌ಮೋರ್ ಕಾಲೇಜಿನ ವಿದ್ಯಾರ್ಥಿಗಳು 2013ರಲ್ಲಿ ಒಪ್ಪುವುದಿಲ್ಲ ಎಂದಿದ್ದರು. ಆ ಜಗಳ ಇವತ್ತಿಗೂ ಮುಗಿದಿಲ್ಲ. ಬಾಗಿಲು ಮುಚ್ಚುವ ನಿಯಮ ನನಗೆ ಸರಿ ಕಂಡಿಲ್ಲ, ಬಾಗಿಲವನ ಕತೆ ಹೇಳಿಕೊಂಡು ಬಂದವರಿಗಂತೂ ಅದು ಒಪ್ಪುವುದಿಲ್ಲ.

2018ರ ಅಕ್ಟೋಬರ್ 27ರಂದು ಪಿಟ್ಸ್‌ಬರ್ಗಿನ ಸಿನಗಾಗ್ ಒಂದರಲ್ಲಿ, ಅಂದರೆ ಯಹೂದಿ ಪ್ರಾರ್ಥನಾಮಂದಿರದಲ್ಲಿ, ಒಬ್ಬ ಹನ್ನೊಂದು ಮಂದಿಯನ್ನು ಗುಂಡಿಟ್ಟು ಕೊಂದ. ಮುಂದಿನ ಶುಕ್ರವಾರ ಬಾಗಿಲಲ್ಲಿ ಪೊಲೀಸರಿದ್ದರು. ಒಳಗೆ ಕುರ್ಚಿ ಸಾಲದೆ ಹುಡುಗರು ಗೋಡೆಗೆ ಒರಗಿ ನಿಂತು ತಿಂದರು. ಅರ್ಧದಷ್ಟು ಜನ ನನ್ನ ಹಾಗೆ ಹೊರಗಿನವರು. ಮೇಣದಬತ್ತಿ ಹಚ್ಚುವಾಗ ಮುಂದಿದ್ದ ಹುಡುಗಿಯ ಕೈ ನಡುಗಿ ಕಡ್ಡಿ ಎರಡು ಸಲ ಆರಿತು. ಮೂರನೆಯದಕ್ಕೆ ಹತ್ತಿಕೊಂಡಿತು.

ಇಷ್ಟು ಹೇಳಿದ ಮೇಲೂ ಸೋದರತ್ತೆ "ಅದೆಲ್ಲ ಸರಿ, ಊಟಕ್ಕೆ ತಾನೆ ಹೋಗ್ತಿದ್ದಿದ್ದು?" ಅಂದರು. ಹೌದು ಅತ್ತೆ, ಊಟಕ್ಕೇ. ಈಗ ಅವರ ಮೊಮ್ಮಗಳಿಗೆ ಅದೇ ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕಿದೆ. ಆಗಸ್ಟಿನಲ್ಲಿ ಹೊರಡುತ್ತಾಳೆ. ಮೊನ್ನೆ ಫೋನ್ ಮಾಡಿ ಜಾನ್ ಸ್ಟ್ರೀಟಿನ ವಿಳಾಸ ಕೇಳಿದಳು. ಕೊಟ್ಟೆ. ಮೊಸರು ಮಾತ್ರ ತಗೊಂಡು ಹೋಗಬೇಡ ಪುಟ್ಟಿ ಅಂತ ಹೇಳಿದ್ದೇನೆ.