ಇಪ್ಪತ್ತು ಡಾಲರಿನ ಫುಟ್‌ಬಾಲ್

2004ರ ಆಗಸ್ಟ್‌ನಲ್ಲಿ ಎಂ.ಎಸ್. ಓದಲೆಂದು ಅಮೆರಿಕಕ್ಕೆ ಹೋದಾಗ ಅಲ್ಲಿಯವರು ಫುಟ್‌ಬಾಲ್ ಎಂದು ಕರೆಯುವ ಆಟದ ಗಂಧವೇ ನನಗಿರಲಿಲ್ಲ. ಮೈಸೂರಿನಲ್ಲಿ ಬೆಳೆದ ನನಗೆ, ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡುವ, ಕೆಲವು ಕ್ಷಣಗಳಿಗೊಮ್ಮೆ ನಿಂತು ಮತ್ತೆ ಶುರುವಾಗುವ ಆ ಆಟ ಟಿವಿಯಲ್ಲಿ ಎಷ್ಟು ನೋಡಿದರೂ ತಲೆಗೆ ಹತ್ತುತ್ತಿರಲಿಲ್ಲ. ಒಂದೇ ಮನೆಯಲ್ಲಿದ್ದ ನಾವು ನಾಲ್ವರು ಕೂಡಿ ಯಾರೋ ಬಳಸಿದ್ದ ಪ್ಲೇಸ್ಟೇಷನ್ 2 ಒಂದನ್ನು ಕೊಂಡು ಗೇಮ್ ಅಂಗಡಿಗೆ ಹೋದೆವು. ಅಲ್ಲಿ ಎರಡು ಫುಟ್‌ಬಾಲ್ ಗೇಮ್‌ಗಳು ಅಕ್ಕಪಕ್ಕದಲ್ಲಿದ್ದವು. ಎಲೆಕ್ಟ್ರಾನಿಕ್ ಆರ್ಟ್ಸ್, ಅಂದರೆ ಇಎ ಕಂಪನಿಯ ಮ್ಯಾಡನ್ 2005ರ ಬೆಲೆ ಹೆಚ್ಚುಕಡಿಮೆ 50 ಡಾಲರ್. ವಿಷುಯಲ್ ಕಾನ್ಸೆಪ್ಟ್ಸ್ ಸ್ಟುಡಿಯೊ ಮಾಡಿದ್ದ ಇಎಸ್‌ಪಿಎನ್ ಎನ್‌ಎಫ್‌ಎಲ್ 2ಕೆ5ರ ಬೆಲೆ 20 ಡಾಲರಿಗೂ ಒಂದು ಸೆಂಟ್ ಕಡಿಮೆ. ಅಗ್ಗದ್ದನ್ನೇ ತಂದೆವು. ನಾಲ್ಕು ಪ್ರಯತ್ನಗಳಲ್ಲಿ ಹತ್ತು ಗಜ ಮುಂದೆ ಸಾಗಬೇಕೆಂಬ ಮೂಲ ನಿಯಮದಿಂದ ಹಿಡಿದು, ಎದುರಾಳಿಯ ರಕ್ಷಣೆಯ ಸಾಲನ್ನು ನೋಡಿ ಪಾಸ್ ಕೊಡಬೇಕೋ ಓಡಬೇಕೋ ಎಂದು ತೀರ್ಮಾನಿಸುವವರೆಗೆ ಎಲ್ಲವನ್ನೂ ನಾನು ಕಲಿತದ್ದು ಆ ಡಿಸ್ಕ್‌ನಿಂದ. ನಿಜವಾದ ಪಂದ್ಯಗಳು ನನಗೆ ಅರ್ಥವಾಗತೊಡಗಿದ್ದು ಆಮೇಲೆ.

ಆ ಬೆಲೆಯ ಹಿಂದೆ ಒಂದು ಲೆಕ್ಕಾಚಾರವಿತ್ತು. ಮ್ಯಾಡನ್ ಗೇಮ್ 1988ರಿಂದ ಬರುತ್ತಿದ್ದು ಮನೆಮಾತಾಗಿತ್ತು. ಎಷ್ಟೇ ಚೆನ್ನಾಗಿ ಮಾಡಿದರೂ ಅದರ ಹೆಸರನ್ನು ಮೀರಿ ಮಾರಾಟವಾಗುವುದು ಕಷ್ಟವೆಂದು ಬಲ್ಲ, 2ಕೆ5 ಅನ್ನು ಮಾರುಕಟ್ಟೆಗೆ ತಂದ ಸೆಗಾ ಮತ್ತು ಟೇಕ್-ಟೂ ಕಂಪನಿಗಳು ಬೆಲೆಯನ್ನೇ ಆಯುಧ ಮಾಡಿಕೊಂಡವು. ಪರಿಣಾಮ ಕೆಲವೇ ತಿಂಗಳಲ್ಲಿ ಕಾಣಿಸಿತು: ನವೆಂಬರ್‌ನಲ್ಲಿ ಇಎ ತನ್ನ ಗೇಮ್‌ನ ಬೆಲೆಯನ್ನು 49.95 ಡಾಲರಿನಿಂದ 29.95ಕ್ಕೆ ಇಳಿಸಿತು. ಎರಡು ಒಳ್ಳೆಯ ಗೇಮ್‌ಗಳು ಒಂದೇ ಕಪಾಟಿನಲ್ಲಿದ್ದರೆ ಕೊಳ್ಳುವವನಿಗೆ ಏನು ಸಿಗುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಅದು ಹೆಚ್ಚು ಕಾಲ ಉಳಿಯಲಿಲ್ಲ. 2004ರ ಡಿಸೆಂಬರ್ 13ರಂದು ಇಎ, ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್ ಆದ ಎನ್‌ಎಫ್‌ಎಲ್ ಮತ್ತು ಆಟಗಾರರ ಸಂಘದ ವ್ಯಾಪಾರ ವಿಭಾಗವಾದ ಪ್ಲೇಯರ್ಸ್ ಇಂಕ್ ಜೊತೆ ಐದು ವರ್ಷಗಳ ಒಪ್ಪಂದ ಮಾಡಿಕೊಂಡಿರುವುದಾಗಿ ಪ್ರಕಟಿಸಿತು. ಲೀಗ್‌ನ ತಂಡಗಳು, ಲಾಂಛನಗಳು, ಸಮವಸ್ತ್ರಗಳು, ಕ್ರೀಡಾಂಗಣಗಳು, ಆಟಗಾರರ ಹೆಸರು ಮತ್ತು ಮುಖಗಳು, ಇವೆಲ್ಲವನ್ನೂ ಫುಟ್‌ಬಾಲ್ ಗೇಮ್‌ನಲ್ಲಿ ಬಳಸುವ ಹಕ್ಕು ಇನ್ನು ಇಎ ಒಂದಕ್ಕೇ. ಎರಡು ಪರವಾನಗಿಗಳು ಒಟ್ಟಿಗೆ ಒಂದೇ ಕೈ ಸೇರಿದ್ದನ್ನು ಇಲ್ಲಿ ಗಮನಿಸಬೇಕು. ತಂಡದ ಗುರುತುಗಳು ಲೀಗ್‌ನ ಸ್ವತ್ತು, ಆಟಗಾರನ ಹೆಸರನ್ನು ಮಾರುವ ಅಧಿಕಾರ ಸಂಘದ್ದು. ಒಂದಾದರೂ ಎಲ್ಲರಿಗೂ ತೆರೆದಿದ್ದಿದ್ದರೆ ಬೇರೆ ಕಂಪನಿಗಳು ಹೇಗೋ ಒಂದು ದಾರಿ ಹುಡುಕುತ್ತಿದ್ದವು. ಮರುತಿಂಗಳೇ ಇಎ, ಇಎಸ್‌ಪಿಎನ್ ವಾಹಿನಿಯ ಜೊತೆಗೂ ಹದಿನೈದು ವರ್ಷಗಳ ಒಪ್ಪಂದವನ್ನು ಘೋಷಿಸಿತು. ಎದುರಾಳಿಯ ಗೇಮ್‌ನ ಹೆಸರಿನಲ್ಲಿದ್ದ ಎರಡು ಗುರುತುಗಳೂ ಹೀಗೆ ಐದೇ ವಾರಗಳ ಆಸುಪಾಸಿನಲ್ಲಿ ಇಎ ಪಾಲಾದವು. ಮುಂದಿನ ವರ್ಷದ ಮ್ಯಾಡನ್ ಮತ್ತೆ 49.95 ಡಾಲರಿಗೆ ಮಾರಾಟಕ್ಕೆ ಬಂದಿತು.

ಪರವಾನಗಿ ಇಲ್ಲದಿದ್ದರೇನು, ಬೇರೆ ಹೆಸರಿಟ್ಟು ಮಾಡಲಿ ಎಂದು ಕೇಳುವವರಿದ್ದಾರೆ. ಮಾಡಿ ನೋಡಿದರು. ಮಿಡ್‌ವೇ ಕಂಪನಿ 2005ರಲ್ಲಿ ಕಾಲ್ಪನಿಕ ಲೀಗ್ ಒಂದನ್ನು ಸೃಷ್ಟಿಸಿ ಬ್ಲಿಟ್ಜ್ ಗೇಮ್ ತಂದಿತು. ವಿಷುಯಲ್ ಕಾನ್ಸೆಪ್ಟ್ಸ್ 2007ರಲ್ಲಿ ನಿವೃತ್ತ ಆಟಗಾರರಿಂದ ಪ್ರತ್ಯೇಕವಾಗಿ ಅನುಮತಿ ಪಡೆದು ಆಲ್-ಪ್ರೊ ಫುಟ್‌ಬಾಲ್ 2ಕೆ8 ಎಂಬ ಗೇಮ್ ಮಾಡಿತು. ಅದರ ಎರಡನೆಯ ಆವೃತ್ತಿ ಬರಲೇ ಇಲ್ಲ. ಕ್ರೀಡೆಯ ಗೇಮ್‌ಗಳಲ್ಲಿ ಹೆಸರುಗಳು ಮೇಲಿನ ಅಲಂಕಾರವಲ್ಲ, ಅವೇ ಕಚ್ಚಾ ಸಾಮಗ್ರಿ. ಕತೆಯ ಗೇಮ್ ಮಾಡುವವನು ತನ್ನ ನಾಯಕನನ್ನು ತಾನೇ ಕಲ್ಪಿಸಿಕೊಳ್ಳಬಲ್ಲ. ಆದರೆ ಭಾನುವಾರ ಟಿವಿಯಲ್ಲಿ ನೋಡಿದ ಪಂದ್ಯವನ್ನೇ ಸಂಜೆ ಕೈಯಲ್ಲಿ ಹಿಡಿದು ಆಡಬೇಕೆಂಬ ಆಸೆಯಿಂದ ಗೇಮ್ ಕೊಳ್ಳುವವನಿಗೆ ಆ ತಂಡ, ಆ ಆಟಗಾರ ಇಲ್ಲದಿದ್ದರೆ ಉಳಿದದ್ದು ಎಷ್ಟು ಚೆನ್ನಾಗಿದ್ದರೂ ಅಪರಿಚಿತವೇ. ಬೆಂಗಳೂರಿನಲ್ಲಿ ಪ್ರೊ ಎವಲ್ಯೂಷನ್ ಸಾಕರ್ ಆಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಲಿವರ್‌ಪೂಲ್ ಆ ಗೇಮ್‌ನಲ್ಲಿ 'ಮರ್ಸಿಸೈಡ್ ರೆಡ್' ಆಗಿದ್ದ ಕಾಲವಿತ್ತು. ನಿಜವಾದ ಹೆಸರು, ಅಂಗಿಗಳನ್ನು ಹಾಕಲು ಅಭಿಮಾನಿಗಳು ಮಾಡಿದ ಫೈಲ್‌ಗಳನ್ನು ಹುಡುಕಿ ಇಳಿಸಿಕೊಳ್ಳುವುದೇ ಆಟದ ಮೊದಲ ಕೆಲಸವಾಗಿತ್ತು. 2019ರಲ್ಲಿ ಆ ಗೇಮ್ ಮಾಡುತ್ತಿದ್ದ ಕೊನಾಮಿ ಕಂಪನಿ ಇಟಲಿಯ ಯುವೆಂಟಸ್ ತಂಡದ ಹಕ್ಕನ್ನು ತನಗೊಬ್ಬರಿಗೇ ಪಡೆದುಕೊಂಡಾಗ ಈ ಸರದಿ ಇಎ ಕಡೆಗೆ ತಿರುಗಿ, ಅದರ ಫಿಫಾ 20 ಗೇಮ್‌ನಲ್ಲಿ ಅದೇ ತಂಡ 'ಪಿಯೆಮೊಂಟೆ ಕಾಲ್ಚೊ' ಎಂಬ ಹೆಸರಿನಲ್ಲಿ ಕಾಣಿಸಿಕೊಂಡಿತು.

ತಪ್ಪು ಒಂದೇ ಕಂಪನಿಯದೆಂದು ನಾನು ಹೇಳುತ್ತಿಲ್ಲ. ಫುಟ್‌ಬಾಲ್ ಕಳೆದುಕೊಂಡ ಟೇಕ್-ಟೂ 2005ರ ಜನವರಿಯಲ್ಲಿ ವಿಷುಯಲ್ ಕಾನ್ಸೆಪ್ಟ್ಸ್ ಸ್ಟುಡಿಯೊವನ್ನು ಸೆಗಾದಿಂದ ಕೊಂಡಿತು; ಅದೇ ತಿಂಗಳು ಬೇಸ್‌ಬಾಲ್ ಲೀಗ್ ಜೊತೆ ತಾನೂ ಅಂಥದ್ದೇ ಒಪ್ಪಂದಕ್ಕೆ ಕೈ ಹಾಕಿತು. ಕನ್ಸೋಲ್ ತಯಾರಕರು ತಮ್ಮ ಯಂತ್ರಕ್ಕೆ ತಾವೇ ಬೇಸ್‌ಬಾಲ್ ಗೇಮ್ ಮಾಡಿಕೊಳ್ಳಬಹುದು, ಹೊರಗಿನ ಕಂಪನಿಗಳ ಪೈಕಿ ಟೇಕ್-ಟೂಗೆ ಮಾತ್ರ ಅವಕಾಶ ಎಂಬುದು ಅದರ ಸ್ವರೂಪ. ಬಹಳ ಮಂದಿ ಮೆಚ್ಚಿದ್ದ ಇಎ ಕಂಪನಿಯ ಎಂವಿಪಿ ಬೇಸ್‌ಬಾಲ್‌ಗೆ ಇದರಿಂದ ದಾರಿ ಮುಚ್ಚಿತು. ಅಲ್ಲಿ ಪ್ಲೇಸ್ಟೇಷನ್ ತಯಾರಿಸುವ ಸೋನಿಗೆ ಬಾಗಿಲು ತೆರೆದೇ ಇತ್ತು, ಅದು ತನ್ನ ಗೇಮ್ ಅನ್ನು ವರ್ಷ ವರ್ಷವೂ ತಿದ್ದುತ್ತ ಬಂದಿತು. ಟೇಕ್-ಟೂ ಸರಣಿ 2013ಕ್ಕೆ ನಿಂತುಹೋಯಿತು. ಬಾಗಿಲನ್ನು ಅರೆ ತೆರೆದಿಟ್ಟರೂ ಎಷ್ಟು ವ್ಯತ್ಯಾಸವಾಗುತ್ತದೆ ಎಂದು ತಿಳಿಯಲು ಇದನ್ನು ನೋಡಿದರೆ ಸಾಕು.

ನನ್ನ ಅಸಮಾಧಾನ ಹೆಚ್ಚಾಗಿ ಲೀಗ್‌ಗಳ ಮೇಲೆ. ಕಂಪನಿ ಕೊಳ್ಳಲು ಬರುವುದು ಸಹಜ. ಒಬ್ಬನಿಗೇ ಮಾರುತ್ತೇನೆಂದು ತೀರ್ಮಾನಿಸುವುದು ಮಾರುವವನು. ಹಕ್ಕಿಗಾಗಿ ಕಂಪನಿಗಳು ಪೈಪೋಟಿ ನಡೆಸಿ ಹಣ ಕೊಟ್ಟಿರುತ್ತವಲ್ಲ, ಅದೂ ಸ್ಪರ್ಧೆಯೇ ಎಂಬ ವಾದವನ್ನು ನಾನು ಓದಿದ್ದೇನೆ. ಆ ಸ್ಪರ್ಧೆ ಒಂದು ದಿನದ ಹರಾಜು. ಅಲ್ಲಿ ಗೆಲ್ಲುವುದಕ್ಕೆ ಬೇಕಾದದ್ದು ಹಣ; ಕಪಾಟಿನ ಮುಂದೆ ಪ್ರತಿವರ್ಷ ಗೆಲ್ಲುವುದಕ್ಕೆ ಬೇಕಾದದ್ದು ಒಳ್ಳೆಯ ಗೇಮ್. ಹರಾಜಿನ ಹಣವೂ ಕೊನೆಗೆ ಡಿಸ್ಕ್‌ನ ಬೆಲೆಯಲ್ಲಿಯೇ ವಸೂಲಾಗಬೇಕು.

ನ್ಯಾಯಾಲಯಗಳು ಈ ಪ್ರಶ್ನೆಯ ಹತ್ತಿರಕ್ಕೆ ಬಂದದ್ದುಂಟು. ಟೋಪಿ ತಯಾರಿಸುವ ಅಮೆರಿಕನ್ ನೀಡಲ್ ಎಂಬ ಕಂಪನಿ, ಎನ್‌ಎಫ್‌ಎಲ್ ತನ್ನ ತಂಡಗಳ ಲಾಂಛನವಿರುವ ಟೋಪಿಗಳ ಹಕ್ಕನ್ನು ರೀಬಾಕ್ ಒಂದಕ್ಕೇ ಕೊಟ್ಟದ್ದನ್ನು ಪ್ರಶ್ನಿಸಿತ್ತು. 32 ತಂಡಗಳೂ ಸೇರಿ ಒಂದೇ ಸಂಸ್ಥೆಯಂತೆ, ಆದ್ದರಿಂದ ತಮ್ಮೊಳಗೆ ಕೂಡಿ ವ್ಯವಹರಿಸಿದರೆ ಅದು ಸ್ಪರ್ಧೆಯನ್ನು ತಡೆಯುವ ಒಳಒಪ್ಪಂದವಾಗದು ಎಂಬ ಲೀಗ್‌ನ ವಾದವನ್ನು ಅಮೆರಿಕದ ಸುಪ್ರೀಂ ಕೋರ್ಟ್ 2010ರ ಮೇ ತಿಂಗಳಲ್ಲಿ ಒಮ್ಮತದಿಂದ ತಳ್ಳಿಹಾಕಿತು. ಏಕಪರವಾನಗಿಯೇ ಕಾನೂನುಬಾಹಿರ ಎಂದು ಆ ತೀರ್ಪು ಹೇಳಲಿಲ್ಲ. ಅದನ್ನು ಪರಿಶೀಲನೆಗೆ ಒಳಪಡಿಸಬಹುದು ಎಂದಷ್ಟೇ ಹೇಳಿತು. ಇಎ ವಿರುದ್ಧ ಗ್ರಾಹಕರು 2008ರಲ್ಲಿ ಕ್ಯಾಲಿಫೋರ್ನಿಯಾದ ಫೆಡರಲ್ ನ್ಯಾಯಾಲಯದಲ್ಲಿ ಹೂಡಿದ್ದ ಸಾಮೂಹಿಕ ದಾವೆ ತೀರ್ಪಿನವರೆಗೆ ಹೋಗಲಿಲ್ಲ. 2012ರಲ್ಲಿ 2.7 ಕೋಟಿ ಡಾಲರಿಗೆ ರಾಜಿಯಾಯಿತು, ಕಾಲೇಜು ಫುಟ್‌ಬಾಲ್‌ನ ಏಕಪರವಾನಗಿಯನ್ನು 2014ರ ನಂತರ ಐದು ವರ್ಷ ನವೀಕರಿಸುವುದಿಲ್ಲವೆಂದು ಇಎ ಒಪ್ಪಿತು. ಎಲ್ಲಕ್ಕಿಂತ ದೊಡ್ಡದಾದ ಎನ್‌ಎಫ್‌ಎಲ್ ಪರವಾನಗಿ ಮಾತ್ರ ಇದ್ದಲ್ಲೇ ಇತ್ತು. 2020ರಲ್ಲಿ ಅದು ಮತ್ತೆ ನವೀಕರಣಗೊಂಡಿತು. ಅದೇ ವರ್ಷ ಟೇಕ್-ಟೂ ಕಂಪನಿಯ 2ಕೆ ವಿಭಾಗಕ್ಕೆ ದೊರೆತದ್ದು ಸಿಮ್ಯುಲೇಷನ್ ಅಲ್ಲದ, ಅಂದರೆ ನಿಜವಾದ ಆಟವನ್ನು ಯಥಾವತ್ತಾಗಿ ಅನುಕರಿಸದ, ಹಗುರವಾದ ಗೇಮ್‌ಗಳ ಅನುಮತಿ.

ಪರವಾನಗಿ ಮುಕ್ತವಾಗಿದ್ದರೆ ಎಲ್ಲವೂ ಸರಿಹೋಗುತ್ತದೆಂಬ ಭರವಸೆ ನನಗಿಲ್ಲ. ಬ್ಯಾಸ್ಕೆಟ್‌ಬಾಲ್‌ನಲ್ಲಿ ಅಂಥ ಬೇಲಿ ಇರಲಿಲ್ಲ. ಇಎ 2010ರಲ್ಲಿ ಎನ್‌ಬಿಎ ಎಲೀಟ್ 11 ಅನ್ನು ಬಿಡುಗಡೆಗೆ ಮುನ್ನವೇ ಕೈಬಿಟ್ಟ ಮೇಲೆ 2ಕೆ ಸರಣಿಗೆ ಸರಿಸಮನಾದ ಎದುರಾಳಿ ಸಿಗಲಿಲ್ಲ. ಆದರೆ ಅಲ್ಲಿ 2ಕೆ ಮೇಲೆ ಬಂದದ್ದು ಆಡುವವರು ಅದನ್ನು ಆರಿಸಿಕೊಂಡದ್ದರಿಂದ, ನಾಳೆ ಬೇರೊಬ್ಬರು ಉತ್ತಮ ಗೇಮ್ ತಂದರೆ ಕೊಳ್ಳಲು ಅಡ್ಡಿಯಿಲ್ಲ.

2ಕೆ5ರ ಆ ಡಿಸ್ಕ್ ಈಗಲೂ ನನ್ನ ಬಳಿ ಇದೆ. ಅದರಲ್ಲಿರುವ ಆಟಗಾರರೆಲ್ಲ ನಿವೃತ್ತರಾಗಿದ್ದಾರೆ. ಎರಡು ದಶಕ ಕಳೆದರೂ ಅದನ್ನು ಬಿಡಲೊಪ್ಪದ ಅಭಿಮಾನಿಗಳು ಹೊಸ ಋತು ಬಂದಂತೆ ಈಗಿನ ಆಟಗಾರರ ಹೆಸರು, ಅಂಗಿಯ ಸಂಖ್ಯೆ, ಸಾಮರ್ಥ್ಯದ ಅಂಕಗಳನ್ನು ಒಂದೊಂದಾಗಿ ಕೈಯಾರೆ ತುಂಬಿ, ಆ ಪಟ್ಟಿಗಳನ್ನು ಉಳಿದವರಿಗೂ ಹಂಚುತ್ತಾರೆ. ಕಳೆದ ಚಳಿಗಾಲದಲ್ಲಿ ಅಂಥ ಒಂದು ಪಟ್ಟಿಯನ್ನು ಹಾಕಿಕೊಂಡು ನನ್ನ ಮಗನಿಗೆ ನಾಲ್ಕು ಪ್ರಯತ್ನ, ಹತ್ತು ಗಜದ ನಿಯಮವನ್ನು ಹೇಳಿಕೊಟ್ಟೆ.