ನಾಟಕ ಎಷ್ಟೊತ್ತಿಗೆ ಮುಗಿಯುತ್ತೆ ಸಾರ್?

ದಕ್ಷಿಣ ಬೆಂಗಳೂರಿನ ಒಂದು ರಂಗಮಂದಿರದಲ್ಲಿ ನಾನು ಹೌಸ್ ಮ್ಯಾನೇಜರ್. ಸ್ಟೇಜಿನ ಮೇಲೆ ನಡೆಯುವುದು ನನ್ನ ಕೈಯಲ್ಲಿಲ್ಲ. ಟಿಕೆಟ್ ಕೌಂಟರ್, ಬಾಗಿಲು, ಸೀಟು, ಬೆಲ್ಲು, ಟಾಯ್ಲೆಟ್ಟು, ಟೀ ಕೌಂಟರ್ ಇವೆಲ್ಲ ನನ್ನ ಪಾಲಿನವು. ಹಾಲಿನ ಕೊನೆ ಸಾಲಿನ ಹಿಂದೆ ನಿಂತುಕೊಂಡು ನಾಟಕಕ್ಕಿಂತ ಜಾಸ್ತಿ ನೋಡುವವರನ್ನು ನೋಡುತ್ತೇನೆ. ಯಾವ ಹೊತ್ತಿಗೆ ಕತ್ತಲಲ್ಲಿ ಫೋನಿನ ಬೆಳಕು ಒಂದೊಂದೇ ಹೊತ್ತಿಕೊಳ್ಳುತ್ತದೆ, ಜನ ಯಾವಾಗ ಗಂಟೆ ನೋಡಿಕೊಳ್ಳುತ್ತಾರೆ ಅನ್ನುವುದು ನನಗೆ ಚೆನ್ನಾಗಿ ಗೊತ್ತು.

ಕೌಂಟರಿನಲ್ಲಿ ದಿನಾ ಕೇಳಿಬರುವ ಪ್ರಶ್ನೆ ‘ನಾಟಕ ಎಷ್ಟೊತ್ತಿಗೆ ಮುಗಿಯುತ್ತೆ ಸಾರ್?’ ಅನ್ನುವುದು. ಕೆಲವು ನಿರ್ದೇಶಕರಿಗೆ ಇದನ್ನು ಕೇಳಿದರೆ ಬೇಜಾರು. ಒಳಗೆ ಬರುವ ಮೊದಲೇ ಹೊರಗೆ ಹೋಗುವ ಯೋಚನೆಯಾ ಅಂತ. ನನಗೆ ಹಾಗನಿಸುವುದಿಲ್ಲ. ಈ ಊರಿನಲ್ಲಿ ಆಫೀಸು ಮುಗಿಸಿ, ಸಿಲ್ಕ್ ಬೋರ್ಡ್ ಟ್ರಾಫಿಕ್ ದಾಟಿ, ದುಡ್ಡು ಕೊಟ್ಟು ಕನ್ನಡ ನಾಟಕಕ್ಕೆ ಬರುವವರು ನಾಟಕದ ಮೇಲೆ ಪ್ರೀತಿ ಇಟ್ಟುಕೊಂಡೇ ಬರುತ್ತಾರೆ. ಅವರು ವಿಚಾರಿಸುತ್ತಿರುವುದು ಮನೆಗೆ ಹೋಗುವ ದಾರಿಯನ್ನು.

ಆ ದಾರಿಯ ಲೆಕ್ಕ ಹೀಗಿದೆ ನೋಡಿ. ನಾಟಕ ಶುರುವಾಗುವುದು 7.30ಕ್ಕೆ. ರಾತ್ರಿ 10 ದಾಟಿದರೆ ಆಟೊ ಮೀಟರ್ ಒಂದೂವರೆ ಪಟ್ಟು. ಈಗ ಮೊದಲ 2 ಕಿಲೋಮೀಟರಿಗೆ 36 ರೂಪಾಯಿ ಇರುವುದು 54 ಆಗುತ್ತದೆ, ಅದೂ ಮೀಟರ್ ಹಾಕುವವರು ಸಿಕ್ಕರೆ. ಮೆಟ್ರೊದ ಕೊನೆಯ ರೈಲು ಹೊರಡುವುದು 11ರ ಸುಮಾರಿಗೆ. ಮೆಜೆಸ್ಟಿಕ್‌ನಲ್ಲಿ ಇಳಿದು ಇನ್ನೊಂದು ಲೈನ್ ಹಿಡಿಯಬೇಕಾದವರು ಇನ್ನೂ ಮುಂಚೆಯೇ ಎದ್ದು ಓಡಬೇಕು. ಪಿಜಿಯಲ್ಲಿರುವ ಹುಡುಗಿಯರಿಗೆ ಗೇಟ್ ಹಾಕಿಬಿಡುತ್ತಾರೆ ಅನ್ನುವ ಚಿಂತೆ. ವಯಸ್ಸಾದವರಿಗೆ ಊಟ, ಮಾತ್ರೆ. ನಾಟಕ 9.50ಕ್ಕೆ ಮುಗಿಯುವುದಕ್ಕೂ 10.30ಕ್ಕೆ ಮುಗಿಯುವುದಕ್ಕೂ ನಡುವೆ ಇರುವುದು ಬರೀ 40 ನಿಮಿಷ ಅಲ್ಲ.

ಜನರಿಗೆ ತಾಳ್ಮೆ ಇಲ್ಲ, ರೀಲ್ಸ್ ನೋಡಿ ಕೆಟ್ಟುಹೋಗಿದ್ದಾರೆ ಅಂತ ರಂಗಭೂಮಿಯವರು ಆಗಾಗ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯನ್ನು ಸಿ. ಬಸವಲಿಂಗಯ್ಯ ಅವರು ರಂಗಕ್ಕೆ ತಂದರು. 2010ರಲ್ಲಿ ಮೈಸೂರಿನ ರಂಗಾಯಣದಲ್ಲಿ, ಆಮೇಲೆ ನಮ್ಮ ಮಲ್ಲತ್ತಹಳ್ಳಿಯ ಕಲಾಗ್ರಾಮದಲ್ಲಿ. ಸುಮಾರು 9 ಗಂಟೆಯ ನಾಟಕ. ರಾತ್ರಿ ಊಟದ ಹೊತ್ತಿಗೆ ಶುರುವಾದರೆ ಬೆಳಗಾಗುವಾಗ ಮಂಗಳ. ಬಯಲಿನಲ್ಲಿ 4 ವೇದಿಕೆ. ಒಂದು ಕಡೆಯ ಆಟ ಮುಗಿದರೆ ಜನವೆಲ್ಲ ಎದ್ದು ಇನ್ನೊಂದು ವೇದಿಕೆಯ ಹತ್ತಿರ ನಡೆದು ಹೋಗಬೇಕು. ಶಾಲು ಹೊದ್ದುಕೊಂಡು, ಮಕ್ಕಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಅಷ್ಟು ಹೊತ್ತು ಕೂತವರು ಇದೇ ಬೆಂಗಳೂರಿನ ಜನ. ಮೈಸೂರು ರಂಗಾಯಣದವರು 2021ರಲ್ಲಿ ಪ್ರಕಾಶ್ ಬೆಳವಾಡಿ ಅವರ ನಿರ್ದೇಶನದಲ್ಲಿ ಮಾಡಿದ ‘ಪರ್ವ’ ಕೂಡ ಹೆಚ್ಚುಕಡಿಮೆ ಇಡೀ ದಿನದ ನಾಟಕ. ಅದಕ್ಕೂ ಜನ ಬಂದರು.

ಅಲ್ಲಿ ಕೂರುವವರು ಇಲ್ಲಿ ಎರಡೂವರೆ ಗಂಟೆಗೇ ಚಡಪಡಿಸುತ್ತಾರೆ. ಯಾಕೆ? ಕಲಾಗ್ರಾಮಕ್ಕೆ ಹೋಗುವವರಿಗೆ ಬೆಳಗಾಗುತ್ತದೆ ಅಂತ ಮನೆಯಲ್ಲೇ ಗೊತ್ತಿತ್ತು. ಸ್ವೆಟರ್ ತಂದಿದ್ದರು, ಮಾರನೇ ದಿನ ರಜೆ ಹಾಕಿದ್ದರು. ನಮ್ಮಲ್ಲಿಗೆ ಬರುವವರಿಗೆ ಪೋಸ್ಟರ್ ಹೇಳಿರುವುದು ‘ಸಂಜೆ 7.30’ ಅಂತ ಮಾತ್ರ. ಮುಗಿಯುವುದು ಯಾವಾಗ, ಮಧ್ಯೆ ಎಷ್ಟು ಸಲ ನಿಲ್ಲುತ್ತದೆ ಅಂತ ಎಲ್ಲೂ ಇಲ್ಲ. ಊಟಕ್ಕೆ ಕರೆದು ಎಲೆ ಹಾಕದೆ ಕೂರಿಸಿದ ಹಾಗೆ.

ಇಂಟರ್ವಲ್ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನನ್ನ ಕೆಲಸದಲ್ಲಿ ನಾನು ಜಾಸ್ತಿ ಕಲಿತದ್ದು ಅಲ್ಲೇ.

ತಂಡದವರು ‘10 ನಿಮಿಷದ ಎರಡು ಇಂಟರ್ವಲ್’ ಅಂತ ಬರೆದು ಕೊಡುತ್ತಾರೆ. ಕಾಗದದ ಮೇಲೆ 20 ನಿಮಿಷ. ಈಗ 300 ಸೀಟಿನ ಹಾಲು ತುಂಬಿದೆ ಅಂದುಕೊಳ್ಳಿ. ಅರ್ಧ ಹೆಂಗಸರು, ಅಂದರೆ 150 ಜನ. ಅವರಲ್ಲಿ 60 ಜನ ಟಾಯ್ಲೆಟ್ಟಿಗೆ ಬಂದರೂ, ಹೆಂಗಸರ ಕಡೆ ಇರುವುದು 4 ಬಾಗಿಲು. ಬಾಗಿಲಿಗೆ 15 ಜನ. ಸೀರೆ, ಬ್ಯಾಗು, ಪುಟ್ಟ ಮಗು ಎಲ್ಲ ಸೇರಿ ಒಬ್ಬರಿಗೆ 2 ನಿಮಿಷ ಅಂದರೂ ಅರ್ಧ ಗಂಟೆ ಆಯಿತು! ಗಂಡಸರು ಐದು ನಿಮಿಷಕ್ಕೆ ಹೊರಗೆ ಬಂದು ಕಾಫಿ ಲೋಟ ಹಿಡಿದು ನಿಂತಿರುತ್ತಾರೆ, ಹೆಂಗಸರ ಕ್ಯೂ ಇನ್ನೂ ಮೆಟ್ಟಿಲ ತನಕ. ಎರಡನೇ ಬೆಲ್ ಹೊಡೆದರೆ ಕ್ಯೂನಲ್ಲಿ ಅರ್ಧ ಜನ ಹಾಗೇ ವಾಪಸ್ ಹೋಗಿ ಕೂರುತ್ತಾರೆ. ಉಳಿದ ನಾಟಕ ಅವರು ಹೇಗೆ ನೋಡುತ್ತಾರೆ ಹೇಳಿ. ಹೊಡೆಯದಿದ್ದರೆ ಒಳಗೆ ಕೂತವರು ಗೊಣಗುತ್ತಾರೆ. ಕೊನೆಗೆ 10 ನಿಮಿಷದ ಇಂಟರ್ವಲ್ 20, 25 ಆಗುತ್ತದೆ. ಅಂಥವು ಎರಡು ಸೇರಿದರೆ ಮುಕ್ಕಾಲು ಗಂಟೆ. ಎರಡು ಗಂಟೆಯ ನಾಟಕ 10.20ಕ್ಕೆ ಬಿಡುವುದು ಹೀಗೆ.

ಹೊತ್ತು ಹೋಗುವುದು ಒಂದು ಕಡೆಯಾದರೆ, ಹಾಲಿನಲ್ಲಿ ಕೂತವರ ಬಿಸಿ ಆರುವುದು ಇನ್ನೊಂದು. ಲೈಟ್ ಬಂದ ಕೂಡಲೇ ಎಲ್ಲರ ಕೈಗೂ ಫೋನ್ ಬರುತ್ತದೆ. ಮ್ಯಾನೇಜರ್ ಮೆಸೇಜು, ಮನೆಯಿಂದ ಮಿಸ್ಡ್ ಕಾಲ್. ಮತ್ತೆ ಕತ್ತಲಾದಾಗ ಮೈ ಸೀಟಿನಲ್ಲಿರುತ್ತದೆ, ತಲೆ ಆಫೀಸಿನಲ್ಲಿ. ಪಾಪ, ನಟರು ಅದನ್ನು ಮತ್ತೆ ಮೊದಲಿನಿಂದ ಹಿಡಿದು ತರಬೇಕು. ಅದಕ್ಕೇ ಎರಡನೇ ಇಂಟರ್ವಲ್ ಆದ ಮೇಲಿನ ಮೊದಲ ದೃಶ್ಯ ಸಾಮಾನ್ಯವಾಗಿ ಸಪ್ಪೆಯಾಗಿಯೇ ಹೋಗುತ್ತದೆ.

ಮೊದಲ ಇಂಟರ್ವಲ್‌ನಲ್ಲಿ ಎದ್ದು ಹೋಗುವವರಿಗೆ ನಾಟಕ ಹಿಡಿಸಿರುವುದಿಲ್ಲ, ಅದು ಸರಿ. ಎರಡನೆಯದರಲ್ಲಿ ಹೋಗುವವರು ನಾಟಕ ಹಿಡಿಸಿದ್ದರೂ ಹೋಗುತ್ತಾರೆ. ಅವರನ್ನು ನೋಡಿದಾಗಲೇ ನನಗೆ ಸಂಕಟ. ಒಂದು ಶನಿವಾರ ಒಬ್ಬ ಹಿರಿಯ ಹೆಂಗಸು ಬ್ಯಾಗು ಹೆಗಲಿಗೆ ಹಾಕಿಕೊಂಡು ಬಾಗಿಲ ಹತ್ತಿರ ಬಂದರು.

‘ಯಾಕಮ್ಮಾ, ಹೊರಟುಬಿಟ್ರಾ?’ ಅಂದೆ.

‘ಇನ್ನೊಂದು ಇಂಟರ್ವಲ್ ಇದೆ ಅಂತ ಮೊದಲೇ ಹೇಳಬಾರದೇನಪ್ಪಾ? ಆರು ಗಂಟೆಯ ಆಟಕ್ಕೆ ಬರ್ತಿದ್ದೆ. ಮಲ್ಲೇಶ್ವರಕ್ಕೆ ಹೋಗಬೇಕು. ಮನೆಯವರೊಬ್ಬರೇ ಇದ್ದಾರೆ.’ ಎರಡು ಮೆಟ್ಟಿಲು ಇಳಿದು ಮತ್ತೆ ತಿರುಗಿದರು. ‘ಅಲ್ಲ, ಆ ಹುಡುಗಿ ಕೊನೇಲಿ ತವರಿಗೆ ಹೋಗ್ತಾಳಾ?’

ನಾನು ಹೇಳಿದೆ. ಎರಡು ಗಂಟೆ ಕೂತು ನೋಡಿದ ಕಥೆಯ ಕೊನೆಯನ್ನು ಅವರು ಬಾಗಿಲಲ್ಲಿ ನಿಂತ ನನ್ನ ಬಾಯಿಂದ ಕೇಳಿಕೊಂಡು ಹೋದರು. ಅವರನ್ನು ತಾಳ್ಮೆ ಇಲ್ಲದವರು ಅಂತ ಯಾರಾದರೂ ಅಂದರೆ ನನಗೆ ಸಿಟ್ಟು ಬರುತ್ತದೆ.

ಇನ್ನೊಂದು ಥರದ ಇಂಟರ್ವಲ್ ಇದೆ. ಸನ್ಮಾನದ ಇಂಟರ್ವಲ್. ಅತಿಥಿಗಳು ತಡವಾಗಿ ಬಂದಿರುತ್ತಾರೆ, ಬೇಗ ಹೋಗಬೇಕಿರುತ್ತದೆ. ಹಾಗಾಗಿ ನಾಟಕದ ಮಧ್ಯೆ ಪರದೆ ಎಳೆದು ಕುರ್ಚಿ ಹಾಕುತ್ತಾರೆ. ಶಾಲು, ಹಾರ, ಮೈಸೂರು ಪೇಟ, ಹಣ್ಣಿನ ಬುಟ್ಟಿ, ನಾಲ್ಕು ಜನರ ಎರಡೆರಡು ಮಾತು. ಎರಡು ಮಾತು ಅಂದವರು ಹತ್ತು ನಿಮಿಷಕ್ಕೆ ಕಮ್ಮಿ ಬಿಟ್ಟಿದ್ದನ್ನು ನಾನು ಕಂಡಿಲ್ಲ. ಅತ್ತ ಗ್ರೀನ್ ರೂಮಿನಲ್ಲಿ ಮುಖಕ್ಕೆ ಬಣ್ಣ ಹಚ್ಚಿಕೊಂಡ ಹುಡುಗ ಹುಡುಗಿಯರು ಬೆವರುತ್ತಾ ಕೂತಿರುತ್ತಾರೆ. ಹಿರಿಯ ಕಲಾವಿದರಿಗೆ ಗೌರವ ಆಗಲೇಬೇಕು. ಆದರೆ ನಾಟಕ ಮುಗಿದ ಮೇಲೆ, ಇಡೀ ತಂಡ ಸ್ಟೇಜಿನ ಮೇಲಿರುವಾಗ ಮಾಡಿದರೆ ಆ ಗೌರವಕ್ಕೇ ಕಳೆ ಜಾಸ್ತಿ. ಇರುವವರು ಇರುತ್ತಾರೆ, ಹೋಗಬೇಕಾದವರು ಹೋಗುತ್ತಾರೆ.

2025ರಲ್ಲಿ ನಮ್ಮದೇ ಊರಿನ ಗ್ರಾಹಕರ ಆಯೋಗದಲ್ಲಿ ಆದ ತೀರ್ಪನ್ನು ನಾನು ನಮ್ಮ ಹುಡುಗರಿಗೆಲ್ಲ ಹೇಳಿದ್ದೆ. ಅದು ಸಿನಿಮಾದ್ದು. ಟಿಕೆಟ್ಟಿನಲ್ಲಿ 4.05 ಅಂತ ಇತ್ತು, 25 ನಿಮಿಷ ಜಾಹೀರಾತು ಹಾಕಿ ಸಿನಿಮಾ ಶುರು ಮಾಡಿದ್ದು 4.30ಕ್ಕೆ. ನೋಡಲು ಹೋದವರು ಕೇಸು ಹಾಕಿದರು. ನನ್ನ ಸಮಯ ಹಾಳಾಯಿತು, ಆಮೇಲೆ ಇಟ್ಟುಕೊಂಡಿದ್ದ ಕೆಲಸ ಕೆಟ್ಟಿತು ಅಂತ. ಆಯೋಗ ಅವರಿಗೆ ಪರಿಹಾರ ಕೊಡಿಸಿ, ಚಿತ್ರಮಂದಿರದವರು 1 ಲಕ್ಷ ರೂಪಾಯಿ ಕಟ್ಟಬೇಕು ಅಂತಲೂ ಹೇಳಿತು. ಮುಂದಿನ ತಿಂಗಳು ಹೈಕೋರ್ಟ್ ಅದಕ್ಕೆ ತಡೆ ಕೊಟ್ಟಿತು, ಆ ಮಾತು ಬೇರೆ. ನನಗೆ ಮುಖ್ಯ ಅನಿಸಿದ್ದು ಆ ದೂರಿನಲ್ಲಿದ್ದ ನೋವು. ಅದು ನಮ್ಮ ಬಾಗಿಲಲ್ಲಿ ಕೇಳುವ ಮಾತೇ. ಹೇಳಿದ ಹೊತ್ತು ಒಂದು, ಆದದ್ದು ಇನ್ನೊಂದು.

ಜೆ.ಪಿ. ನಗರದ ರಂಗಶಂಕರ 2004ರಲ್ಲಿ ಶುರುವಾದಾಗಿನಿಂದ ಹೇಳಿದ ಹೊತ್ತಿಗೆ ಬಾಗಿಲು ಹಾಕಿಬಿಡುತ್ತದೆ. ತಡವಾಗಿ ಬಂದವರಿಗೆ ಪ್ರವೇಶ ಇಲ್ಲ. ಈ ಊರಿನ ನಾಟಕದವರಿಗೂ ನೋಡುವವರಿಗೂ ಅದು ಕಲಿಸಿದ ಶಿಸ್ತು ದೊಡ್ಡದು. ಎರಡು ನಿಮಿಷ ತಡವಾಗಿ ಓಡಿ ಬಂದವರನ್ನು ನಾವೂ ನಿಲ್ಲಿಸುತ್ತೇವೆ. ಹಾಗೆ ನಿಲ್ಲಿಸುವ ಹಕ್ಕು ನಮಗೆ ಬೇಕು ಅಂದರೆ ಮುಗಿಸುವ ಹೊತ್ತಿಗೂ ನಾವು ಅಷ್ಟೇ ನಿಯತ್ತಾಗಿರಬೇಕು ಅಲ್ವಾ?

ಈಗ ನಮ್ಮಲ್ಲಿ ಹಾಲು ಬುಕ್ ಮಾಡುವ ತಂಡಕ್ಕೆ ಮೊದಲು ಕೇಳುವುದು ಗ್ರ್ಯಾಂಡ್ ರಿಹರ್ಸಲ್‌ನಲ್ಲಿ ಗಡಿಯಾರ ಇಟ್ಟು ನೋಡಿದ ಹೊತ್ತು. ಅಂದಾಜು ಬೇಡ ಅನ್ನುತ್ತೇನೆ. ತಾಲೀಮಿನಲ್ಲಿ ನಗುವವರಿಲ್ಲ, ಚಪ್ಪಾಳೆ ಇಲ್ಲ. ಅದಕ್ಕೇ ನಾನು ಇನ್ನೊಂದು 10 ನಿಮಿಷ ಸೇರಿಸಿ ಮುಗಿಯುವ ಹೊತ್ತನ್ನು ಟಿಕೆಟ್ ಪುಟದಲ್ಲೂ ಕೌಂಟರಿನ ಬೋರ್ಡಿನಲ್ಲೂ ಹಾಕಿಸುತ್ತೇನೆ. ಇಂಟರ್ವಲ್ ಎಷ್ಟು, ಎಷ್ಟೊತ್ತಿಗೆ ಅನ್ನುವುದೂ ಅಲ್ಲೇ ಇರುತ್ತದೆ. ಇಂಟರ್ವಲ್ ಹೊತ್ತಿಗೆ ಮೇಲಿನ ಆಫೀಸಿನ ಮಹಡಿಯ ಟಾಯ್ಲೆಟ್ಟನ್ನು ಹೆಂಗಸರಿಗೆ ಬಿಟ್ಟುಕೊಡುತ್ತೇವೆ. ಕಾಫಿ, ಟೀ ಟೋಕನ್ನು ನಾಟಕಕ್ಕೆ ಮುಂಚೆಯೇ ಮಾರುತ್ತೇವೆ. 300 ಜನ ಒಟ್ಟಿಗೆ ಫೋನ್ ತೆಗೆದು ಸ್ಕ್ಯಾನ್ ಮಾಡಲು ನಿಂತರೆ ಅಲ್ಲೇ ಹತ್ತು ನಿಮಿಷ ಹೋಗುತ್ತದೆ.

ಎರಡನೇ ಇಂಟರ್ವಲ್ ಬೇಕು ಅನ್ನುವವರ ಹತ್ತಿರ ಮಾತ್ರ ಕೂತು ಮಾತಾಡುತ್ತೇನೆ. ಒಬ್ಬ ಹಿರಿಯ ನಿರ್ದೇಶಕರು, ‘ಅಲ್ಲಪ್ಪಾ, ಅರಮನೆ ಹೋಗಿ ಕೇರಿ ಬರಬೇಕು. ಸೆಟ್ಟಿಗೆ ಹತ್ತು ನಿಮಿಷ ಬೇಡ್ವಾ?’ ಅಂದರು.

‘ಸೆಟ್ಟಿಗೆ ಹತ್ತು ಸಾಕು ಸಾರ್. ಜನಕ್ಕೆ ಸಾಲಲ್ಲ’ ಅಂದು ಟಾಯ್ಲೆಟ್ಟಿನ ಲೆಕ್ಕ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ನೆ ಕೂತರು. ಆಮೇಲೆ ಅವರೇ ಊರೂರು ತಿರುಗುತ್ತಿದ್ದ ಹಳೆಯ ಕಂಪನಿ ನಾಟಕದ ಮಾತು ತೆಗೆದರು. ಗುಬ್ಬಿ ಕಂಪನಿ ಹುಟ್ಟಿದ್ದು 1884ರಲ್ಲಿ. ಆ ಕಾಲದ ಕಂಪನಿಗಳಿಗೆ ಸೆಟ್ ಬದಲಾಯಿಸುವುದು ದೊಡ್ಡ ಕೆಲಸವೇ. ಆದರೆ ಅವರು ಆಟ ನಿಲ್ಲಿಸುತ್ತಿರಲಿಲ್ಲ. ಮುಂದೆ ಬೀದಿಯ ಚಿತ್ರವಿರುವ ಪರದೆ ಇಳಿಬಿಟ್ಟು ಅದರ ಎದುರು ಹಾಸ್ಯದ ಜೋಡಿಯನ್ನು ಬಿಡುತ್ತಿದ್ದರು. ಜನ ನಕ್ಕು ಮುಗಿಸುವಷ್ಟರಲ್ಲಿ ಪರದೆಯ ಹಿಂದೆ ದರ್ಬಾರು ತಯಾರು. ಈ ನಿರ್ದೇಶಕರೂ ಮೇಳದ ಇಬ್ಬರನ್ನು ಮುಂದೆ ಕೂರಿಸಿ ಒಂದು ಹಾಡು ಹಾಡಿಸಿದರು, ಹಿಂದೆ ಅರೆಗತ್ತಲಲ್ಲಿ ಹುಡುಗರು ಕಂಬ ಎತ್ತಿದರು. ಒಂದೇ ಇಂಟರ್ವಲ್‌ನಲ್ಲಿ ನಾಟಕ ಮುಗಿಯಿತು. 9.55ಕ್ಕೆ ಹಾಲು ಖಾಲಿ. ಆ ಹಾಡಿಗೇ ಅವತ್ತು ಜಾಸ್ತಿ ಚಪ್ಪಾಳೆ ಬಿತ್ತು!

ಹಾಗಂತ ಎಲ್ಲವನ್ನೂ ಕತ್ತರಿಸಿ ಒಂದೂವರೆ ಗಂಟೆಗೆ ಇಳಿಸಿ ಅಂತ ನಾನು ಯಾವತ್ತೂ ಹೇಳುವುದಿಲ್ಲ. ಕರಾವಳಿಯಲ್ಲಿ ರಾತ್ರಿಯಿಡೀ ನಡೆಯುತ್ತಿದ್ದ ಯಕ್ಷಗಾನ ಈಗ ಎಷ್ಟೋ ಕಡೆ ಕಾಲಮಿತಿಗೆ ಬಂದಿದೆ. ಅದರಿಂದ ಹೊಸ ಜನ ಬಂದರು ಅನ್ನುವವರಿದ್ದಾರೆ. ಪ್ರಸಂಗದ ನಿಧಾನದ ರುಚಿ ಹೋಯಿತು ಅನ್ನುವವರೂ ಇದ್ದಾರೆ. ಎರಡೂ ನಿಜ ಅನಿಸುತ್ತದೆ. ಕೆಲವು ಕಥೆಗಳಿಗೆ ಹೊತ್ತು ಬೇಕೇ ಬೇಕು. ಅವಸರ ಮಾಡಿದರೆ ಅವು ಸಾಯುತ್ತವೆ. ಅಂಥ ನಾಟಕಕ್ಕೆ ಶುರು ಮಾಡುವ ಹೊತ್ತನ್ನೇ ಬದಲಾಯಿಸಿ, ಬರುವವರು ತಯಾರಾಗಿ ಬರಲಿ ಅನ್ನುವುದಷ್ಟೇ ನನ್ನ ಬೇಡಿಕೆ.

ಬರುವ ತಿಂಗಳು ಅಂಥದ್ದೇ ಒಂದಿದೆ. ಮೂರೂವರೆ ಗಂಟೆಯ ನಾಟಕ, ಒಂದು ದೃಶ್ಯವನ್ನೂ ಬಿಡಲಾಗುವುದಿಲ್ಲ ಅಂತ ತಂಡದವರು ಹಟ ಹಿಡಿದರು. ಓದಿಸಿ ಕೇಳಿದ ಮೇಲೆ ನನಗೂ ಬಿಡುವುದು ಬೇಡ ಅನಿಸಿತು. ಶನಿವಾರ ಸಂಜೆ 5ಕ್ಕೇ ಶುರು ಮಾಡೋಣ ಅಂತ ಒಪ್ಪಿಕೊಂಡೆವು. ಇಂಟರ್ವಲ್ ಎರಡರ ಬದಲು ಒಂದು, ಅದೂ ಊಟಕ್ಕೆ. ಟಿಕೆಟ್ ಪುಟದಲ್ಲಿ ‘ಸಂಜೆ 5ಕ್ಕೆ ಶುರು. 7ರಿಂದ 7.40 ಊಟದ ಬಿಡುವು, ಊಟ ಇಲ್ಲೇ ಸಿಗುತ್ತದೆ. ರಾತ್ರಿ 9.20ಕ್ಕೆ ಮುಕ್ತಾಯ’ ಅಂತ ಹಾಕಿದ್ದೇವೆ. ಸನ್ಮಾನ 9.20 ಆದ ಮೇಲೆ. ಈಗ ಅಡುಗೆಯವರ ಜೊತೆ ಮಾತು ನಡೆಯುತ್ತಿದೆ. 40 ನಿಮಿಷದಲ್ಲಿ 300 ಜನಕ್ಕೆ ಬಿಸಿಬೇಳೆಬಾತ್, ಮೊಸರನ್ನ ಬಡಿಸಲು ಎರಡು ಕೌಂಟರ್ ಸಾಕು ಅಂತ ಅವರು, ನಾಲ್ಕು ಬೇಕು ಅಂತ ನಾನು. ನಾಲ್ಕು ಹಾಕಿಸಿಯೇ ತೀರುತ್ತೇನೆ.