ಮಗಳ ಹತ್ತನೇ ತರಗತಿಗೆ ಮೊದಲೇ ಬ್ರಿಟನ್ನಿಗೆ

ಬರುವ ಜೂನ್ ತಿಂಗಳಲ್ಲಿ ನಾನೂ ಮಗಳೂ ಮತ್ತೆ ಇಂಗ್ಲೆಂಡಿನ ಲೆಸ್ಟರ್ ನಗರಕ್ಕೆ ಹೋಗಿ ನೆಲೆಸುವುದೆಂದು ಮನೆಯಲ್ಲಿ ತೀರ್ಮಾನವಾಗಿದೆ. ಕಾಸರಗೋಡು ಜಿಲ್ಲೆಯ ಬದಿಯಡ್ಕದ ಸುತ್ತಮುತ್ತಲಿನ ನೆಂಟರಿಷ್ಟರಿಗೆ ಈ ಸುದ್ದಿ ತಿಳಿದಂದಿನಿಂದ ಎಲ್ಲರೂ ಕೇಳುತ್ತಿರುವುದು ಒಂದೇ ಮಾತು: ಹುಡುಗಿಗೆ ಬರುವ ವರ್ಷ ಹತ್ತನೇ ತರಗತಿ, ಆ ಪರೀಕ್ಷೆಯನ್ನಾದರೂ ಇಲ್ಲಿ ಮುಗಿಸಿ ಹೋಗಬಾರದೇ? ಕೆಲವರಂತೂ ಪ್ಲಸ್ ಟು ಕೂಡ ಇಲ್ಲೇ ಆಗಲಿ, ಅವಳದು ಹೇಗೂ ಬ್ರಿಟಿಷ್ ಪಾಸ್‌ಪೋರ್ಟ್ ತಾನೇ, ಹದಿನೆಂಟು ತುಂಬಿದ ಮೇಲೆ ನೇರವಾಗಿ ಅಲ್ಲಿನ ವಿಶ್ವವಿದ್ಯಾಲಯಕ್ಕೆ ಸೇರಬಹುದಲ್ಲ ಎನ್ನುತ್ತಾರೆ. ಅವರ ಕಾಳಜಿಯ ಬಗ್ಗೆ ನನಗೆ ಗೌರವವಿದೆ. ಆದರೆ ಅವರು ನೆಚ್ಚಿಕೊಂಡಿರುವ ಆ ಪಾಸ್‌ಪೋರ್ಟಿನಿಂದ ಆಗುವ ಕೆಲಸ ಅವರು ತಿಳಿದುಕೊಂಡಿರುವುದಕ್ಕಿಂತ ಬಹಳ ಕಡಿಮೆ. ನಮ್ಮ ಜಿಲ್ಲೆಯಲ್ಲಿ ಇದೇ ಸ್ಥಿತಿಯಲ್ಲಿರುವ ಕುಟುಂಬಗಳು ಇನ್ನೂ ಇರುವುದರಿಂದ ವಿಷಯವನ್ನು ಬಿಡಿಸಿ ಬರೆಯುತ್ತಿದ್ದೇನೆ.

ಬ್ರಿಟನ್ನಿನ ಸರಕಾರಿ ಆಸ್ಪತ್ರೆಗಳು ಭಾರತದಿಂದ ದಾದಿಯರನ್ನು ದೊಡ್ಡ ಸಂಖ್ಯೆಯಲ್ಲಿ ಸೇರಿಸಿಕೊಳ್ಳುತ್ತಿದ್ದ ಕಾಲದಲ್ಲಿ, ಅಂದರೆ 2001ರಲ್ಲಿ, ನಾನು ಅಲ್ಲಿಗೆ ಹೋದವಳು. ಕೆಲವು ವರ್ಷಗಳ ಬಳಿಕ ಅಲ್ಲಿನ ಪೌರತ್ವ ಪಡೆದೆ. ಭಾರತದ ಕಾನೂನು ಇಮ್ಮಡಿ ಪೌರತ್ವಕ್ಕೆ ಅವಕಾಶ ಕೊಡುವುದಿಲ್ಲವಾದ್ದರಿಂದ ಈಗ ನನ್ನ ಬಳಿಯೂ ಮಗಳ ಬಳಿಯೂ ಇರುವುದು ಒಸಿಐ ಕಾರ್ಡ್, ಅಂದರೆ ಹೊರದೇಶದ ಪೌರರಾದ ಭಾರತ ಮೂಲದವರಿಗೆ ಭಾರತ ಸರಕಾರ ಕೊಡುವ ಕಾರ್ಡ್. ನನ್ನ ಗಂಡ ಮಾತ್ರ ಭಾರತೀಯ ಪೌರತ್ವವನ್ನು ಬಿಡಲಿಲ್ಲ. ಅದಕ್ಕೆ ಕಾರಣ ಅಡಿಕೆ ತೋಟ. ಒಸಿಐ ಕಾರ್ಡ್ ಇದ್ದವರು ಕೃಷಿಭೂಮಿಯನ್ನು ಪಿತ್ರಾರ್ಜಿತವಾಗಿ ಪಡೆಯಬಹುದೇ ಹೊರತು ಕೊಂಡುಕೊಳ್ಳುವಂತಿಲ್ಲ. ಮದ್ರಾಸ್ ಪ್ರಾಂತ್ಯದ ಕಾಲದಲ್ಲಿ ಕನ್ನಡದಲ್ಲಿ ಬರೆಸಿದ ಮೂಲಪತ್ರ, 1956ರ ನಂತರದ ಮಲಯಾಳದ ತೀರ್ವೆ ರಶೀದಿಗಳು, ಎಲ್ಲವನ್ನೂ ಒಂದೇ ತಗಡಿನ ಪೆಟ್ಟಿಗೆಯಲ್ಲಿ ಜೋಪಾನವಾಗಿಟ್ಟ ಮನೆತನ ಅವರದು. ಪೌರತ್ವ ಬಿಡಲು ಅವರಿಗೆ ಮನಸ್ಸು ಬಾರದಿದ್ದುದು ನನಗೆ ಆಗಲೂ ಅರ್ಥವಾಗಿತ್ತು, ಈಗಲೂ ಆಗುತ್ತದೆ. ಅಲ್ಲಿ ಅವರಿಗೆ ಅನಿರ್ದಿಷ್ಟ ಕಾಲ ನೆಲೆಸುವ ಅನುಮತಿ ಇತ್ತು. 2011ರ ಕೊನೆಯಲ್ಲಿ ಲೆಸ್ಟರಿನಲ್ಲಿ ಮಗಳು ಹುಟ್ಟಿದಳು. ಅತ್ತೆ ಮಾವಂದಿರ ಆರೋಗ್ಯ ಕೆಟ್ಟಾಗ, 2013ರಲ್ಲಿ, ಮೂವರೂ ಊರಿಗೆ ಬಂದೆವು. ಅವರಿಬ್ಬರನ್ನೂ ಕೊನೆಯವರೆಗೆ ನೋಡಿಕೊಂಡೆವು ಎಂಬ ಸಮಾಧಾನ ನಮಗಿದೆ.

ಬ್ರಿಟಿಷ್ ಪೌರನನ್ನು ಗಡಿಯಲ್ಲಿ ಯಾರೂ ತಡೆಯುವುದಿಲ್ಲ, ಕೆಲಸ ಮಾಡಲು ಯಾರ ಅಪ್ಪಣೆಯೂ ಬೇಕಿಲ್ಲ. ಅದರಾಚೆಗಿನ ಹೆಚ್ಚಿನ ಸೌಲಭ್ಯಗಳು ನಿಂತಿರುವುದು ಪೌರತ್ವದ ಮೇಲಲ್ಲ, ವಾಸದ ಮೇಲೆ. ಹನ್ನೆರಡು ವರ್ಷ ತೆರಿಗೆ ಕಟ್ಟಿದ್ದೇನೆ, ಆದ್ದರಿಂದ ಅಲ್ಲಿನ ಆಸ್ಪತ್ರೆಯಲ್ಲಿ ನನಗೆ ಎಂದೆಂದಿಗೂ ಉಚಿತ ಚಿಕಿತ್ಸೆ ಸಿಗುತ್ತದೆ ಎಂದು ಯಾರಾದರೂ ನಂಬಿದ್ದರೆ ಅದು ತಪ್ಪು. ಹಿಂದೆ ಕಟ್ಟಿದ ತೆರಿಗೆಗೂ ಇಂದಿನ ಚಿಕಿತ್ಸೆಗೂ ಸಂಬಂಧವಿಲ್ಲ. ನೆಲೆಸುವ ಉದ್ದೇಶದಿಂದ ಮರಳಿದ ಪೌರನಿಗೆ ಬಂದ ದಿನದಿಂದಲೇ ಆಸ್ಪತ್ರೆಯ ಬಾಗಿಲು ತೆರೆದಿರುತ್ತದೆ, ಅದೇ ಪೌರ ವಿದೇಶದಲ್ಲಿ ವಾಸವಾಗಿದ್ದು ನಾಲ್ಕು ವಾರಕ್ಕೆ ನೆಂಟರನ್ನು ನೋಡಲು ಬಂದವನಾದರೆ ಒಳರೋಗಿಯಾಗಿ ದಾಖಲಾದ ಖರ್ಚನ್ನು ಅವನಿಂದ ವಸೂಲಿ ಮಾಡಬಹುದು. ಬಡವರಿಗೆ ಸರಕಾರ ಕೊಡುವ ಭತ್ಯೆಗಳಿಗೂ 1994ರಿಂದ ವಾಸದ ಪರೀಕ್ಷೆಯೊಂದಿದೆ, ಹೊರಗಿನಿಂದ ಮರಳಿದ ಪೌರರೂ ಅದಕ್ಕೆ ಒಳಪಟ್ಟವರೇ. ಇನ್ನೊಂದು ಕಡೆ, ನನ್ನ ಗಂಡನಂತೆ ಭಾರತೀಯ ಪೌರತ್ವವಿರುವವರು ಕಾಮನ್‌ವೆಲ್ತ್ ಪ್ರಜೆಗಳಾದ್ದರಿಂದ, ಅಲ್ಲಿ ಕಾನೂನುಬದ್ಧವಾಗಿ ವಾಸವಿದ್ದರೆ ಸಂಸತ್ತಿನ ಚುನಾವಣೆಯಲ್ಲಿಯೂ ಮತ ಹಾಕಬಹುದು.

ಈ ವ್ಯವಸ್ಥೆ ನನಗೆ ಅನ್ಯಾಯವೆಂದು ತೋರುವುದಿಲ್ಲ. ಮಂಗಳೂರಿನ ಆಸ್ಪತ್ರೆಯೊಂದರಲ್ಲಿ ಇಷ್ಟು ವರ್ಷ ದುಡಿದ ನಾನು, 2020ರ ಮಾರ್ಚ್‌ನಲ್ಲಿ ಕೇರಳ-ಕರ್ನಾಟಕಗಳ ನಡುವಿನ ತಲಪಾಡಿಯ ಗಡಿ ಮುಚ್ಚಿದಾಗ ಕಾಸರಗೋಡಿನ ರೋಗಿಗಳು ಪಟ್ಟ ಪಾಡನ್ನು ಕಂಡಿದ್ದೇನೆ. ಆ ವಿಷಯ ಹೈಕೋರ್ಟು, ಸುಪ್ರೀಂ ಕೋರ್ಟುಗಳ ತನಕ ಹೋಯಿತು. ಎಲ್ಲಿ ವಾಸ, ಎಲ್ಲಿ ಆಸ್ಪತ್ರೆ, ನಡುವೆ ಯಾರ ಗಡಿ ಎಂಬ ಲೆಕ್ಕ ಮನುಷ್ಯನ ಬದುಕಿನಲ್ಲಿ ಎಷ್ಟು ಮುಖ್ಯವೆಂಬುದನ್ನು ಗಡಿಯ ಜನರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಪಾಸ್‌ಪೋರ್ಟು ಯಾವುದೆಂದು ನೋಡದೆ, ಇಲ್ಲಿ ಬಾಳುತ್ತಿದ್ದಾನೆಯೇ ಎಂದು ಕೇಳುವ ಆಸ್ಪತ್ರೆಯ ನೀತಿಯನ್ನು ನಾನು ಒಪ್ಪುತ್ತೇನೆ.

ಈಗ ಮಗಳ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಈ ವಾಸದ ನಿಯಮ ಅತ್ಯಂತ ಭಾರವಾಗಿ ಬೀಳುವುದು ಮಕ್ಕಳ ಮೇಲೆ. ಇಂಗ್ಲೆಂಡಿನ ವಿಶ್ವವಿದ್ಯಾಲಯಗಳಲ್ಲಿ ಸ್ವದೇಶಿ ವಿದ್ಯಾರ್ಥಿಗಳ ಪದವಿ ಶುಲ್ಕಕ್ಕೆ ಸರಕಾರ ಹಾಕಿದ ಮಿತಿಯಿದೆ, 2025-26ರಲ್ಲಿ ಅದು ವರ್ಷಕ್ಕೆ 9,535 ಪೌಂಡ್. ವಿದೇಶಿ ವಿದ್ಯಾರ್ಥಿಗಳಿಗೆ ಅಂಥ ಮಿತಿ ಇಲ್ಲ, ಹಲವು ಕೋರ್ಸುಗಳಲ್ಲಿ ಅವರು ಇದರ ಎರಡು ಮೂರು ಪಟ್ಟು ಕಟ್ಟುತ್ತಾರೆ. ಸ್ವದೇಶಿ ಎನಿಸಿಕೊಳ್ಳಲು ಪೌರತ್ವವೊಂದೇ ಸಾಲದು, ಕೋರ್ಸಿನ ಮೊದಲ ವರ್ಷ ಆರಂಭವಾಗುವ ದಿನಕ್ಕೆ ಹಿಂದಿನ 3 ವರ್ಷ ಅಲ್ಲಿ ವಾಸವಿದ್ದಿರಬೇಕು, ಆ ವಾಸವೂ ಮುಖ್ಯವಾಗಿ ಓದಿಗಾಗಿಯೇ ಇದ್ದುದಾಗಿರಬಾರದು. ಸರಕಾರದ ವಿದ್ಯಾರ್ಥಿ ಸಾಲಕ್ಕೂ 3 ವರ್ಷದ ಷರತ್ತೇ. ಹೀಗಾಗಿ ಲೆಸ್ಟರಿನಲ್ಲೇ ಹುಟ್ಟಿದ ನನ್ನ ಮಗಳು ಇಲ್ಲಿ ಪ್ಲಸ್ ಟು ಮುಗಿಸಿ 2029ರಲ್ಲಿ ಅಲ್ಲಿಗೆ ಹೋದರೆ ವಿದೇಶಿ ವಿದ್ಯಾರ್ಥಿನಿಯ ಶುಲ್ಕ ಕಟ್ಟಬೇಕು, ಇಲ್ಲವೇ ಓದನ್ನು ನಿಲ್ಲಿಸಿ ಕಾಯಬೇಕು. ದಾದಿಯೊಬ್ಬಳ ಸಂಬಳ ಮತ್ತು ಒಂದು ಸಣ್ಣ ತೋಟದ ಆದಾಯ ಅಂಥ ಶುಲ್ಕಕ್ಕೆ ಎಟುಕುವುದಿಲ್ಲ.

ಹಾಗಿದ್ದರೆ ಹತ್ತನೇ ತರಗತಿ ಮುಗಿಸಿಯೇ ಹೋಗಬಹುದಲ್ಲ ಎಂಬುದಕ್ಕೂ ಉತ್ತರವಿದೆ. ಇಂಗ್ಲೆಂಡಿನ ಮಕ್ಕಳು ಹದಿನಾರನೆಯ ವಯಸ್ಸಿಗೆ ಬರೆಯುವ ಜಿಸಿಎಸ್‌ಇ ಪರೀಕ್ಷೆಯ ಪಾಠಗಳು ಸಾಮಾನ್ಯವಾಗಿ ಎರಡು ವರ್ಷ, ಅಂದರೆ ಅಲ್ಲಿನ ಹತ್ತು ಮತ್ತು ಹನ್ನೊಂದನೇ ವರ್ಷಗಳಲ್ಲಿ ನಡೆಯುತ್ತವೆ. 2011ರ ಕೊನೆಯಲ್ಲಿ ಹುಟ್ಟಿದ ಮಗು ಬರುವ ಸೆಪ್ಟೆಂಬರಿನಲ್ಲಿ ಆ ಹತ್ತನೇ ವರ್ಷಕ್ಕೆ ಸೇರುತ್ತದೆ. ಈಗ ಹೋದರೆ ಅವಳು ಎಲ್ಲರ ಜೊತೆಗೆ ಮೊದಲ ಪಾಠದಿಂದ ಕೂರುತ್ತಾಳೆ. ಒಂದು ವರ್ಷ ತಡಮಾಡಿದರೆ ಅರ್ಧ ಪಾಠ ಮುಗಿದ ತರಗತಿಗೆ ಹೊಸಬಳಾಗಿ ಹೋಗಬೇಕು, ಅದೂ ಇಷ್ಟು ವರ್ಷ ಕನ್ನಡ ಮಾಧ್ಯಮದಲ್ಲಿ ವಿಜ್ಞಾನ, ಸಮಾಜ ಓದಿದವಳು. ದ್ಯುತಿಸಂಶ್ಲೇಷಣೆಯ ಸಮೀಕರಣವನ್ನು ಅವಳು ಕನ್ನಡದಲ್ಲಿ ನೀರು ಕುಡಿದಷ್ಟು ಸಲೀಸಾಗಿ ವಿವರಿಸುತ್ತಾಳೆ, ಇಂಗ್ಲಿಷಿನಲ್ಲಿ ಹೇಳು ಎಂದರೆ ಪ್ರತಿ ಪದಕ್ಕೂ ನಿಲ್ಲುತ್ತಾಳೆ. ಈ ಅಂತರ ತುಂಬಲು ಸಮಯ ಬೇಕು, ಆ ಸಮಯವನ್ನು ಅವಳಿಗೆ ಕೊಡುವುದು ತಾಯಿಯಾಗಿ ನನ್ನ ಕರ್ತವ್ಯ. ಅವಳನ್ನು ಕನ್ನಡ ಶಾಲೆಗೆ ಹಾಕಿದ ಬಗ್ಗೆ ನನಗೆ ಹೆಮ್ಮೆಯೇ ಇದೆ. ಜಿಸಿಎಸ್‌ಇಯಲ್ಲಿ ಗುಜರಾತಿ, ಪಂಜಾಬಿ, ಉರ್ದು, ಬಂಗಾಳಿ ಭಾಷೆಗಳನ್ನು ಆರಿಸಿಕೊಳ್ಳಬಹುದು, ಕನ್ನಡಕ್ಕೆ ಅಲ್ಲಿ ಪರೀಕ್ಷೆ ಇಲ್ಲ. ಹಾಗಾಗಿ ಅವಳ ಕನ್ನಡ ಇನ್ನು ಮುಂದೆ ಮನೆಯಲ್ಲಿ, ನನ್ನ ಹೊಣೆಯಲ್ಲಿ ಬೆಳೆಯಬೇಕು.

ನಮ್ಮನ್ನು ಎಲ್ಲಕ್ಕಿಂತ ಹೆಚ್ಚಾಗಿ ಕಾಡಿದ್ದು ಗಂಡನ ವೀಸಾ. ನೆಲೆಸುವ ಅನುಮತಿ ಇದ್ದವರು ಸತತವಾಗಿ 2 ವರ್ಷಕ್ಕಿಂತ ಹೆಚ್ಚು ಕಾಲ ದೇಶದ ಹೊರಗಿದ್ದರೆ ಅದು ತಾನಾಗಿಯೇ ರದ್ದಾಗುತ್ತದೆ. ವರ್ಷಗಟ್ಟಲೆ ಲೆಸ್ಟರಿನಲ್ಲಿ ದುಡಿದ ಮನುಷ್ಯ ಈಗ ಕಾನೂನಿನ ಕಣ್ಣಿಗೆ ಹೊಸದಾಗಿ ಮದುವೆಯಾಗಿ ಬರುವವರ ಸಾಲಿನಲ್ಲಿದ್ದಾರೆ. ಕ್ಷಯರೋಗ ತಪಾಸಣೆ, ಇಂಗ್ಲಿಷ್ ಜ್ಞಾನದ ಪುರಾವೆ, ವರ್ಷಕ್ಕೆ 1,035 ಪೌಂಡಿನಂತೆ ಮುಂಗಡವಾಗಿ ಕಟ್ಟಬೇಕಾದ ಆರೋಗ್ಯ ಶುಲ್ಕ, ಇವುಗಳ ಮೇಲೆ ನನ್ನ ವರಮಾನದ ಷರತ್ತು ಬೇರೆ. 2024ರ ಏಪ್ರಿಲ್‌ವರೆಗೆ ವರ್ಷಕ್ಕೆ 18,600 ಪೌಂಡ್ ಇದ್ದ ಆ ಕನಿಷ್ಠ ಮಿತಿಯನ್ನು ಒಂದೇ ಏಟಿಗೆ 29,000ಕ್ಕೆ ಏರಿಸಲಾಯಿತು. ವರಮಾನ ತೋರಿಸಲಾಗದವರು 88,500 ಪೌಂಡ್ ಉಳಿತಾಯವನ್ನು 6 ತಿಂಗಳು ಖಾತೆಯಲ್ಲಿ ಇಟ್ಟಿರಬೇಕು. ಆಸ್ಪತ್ರೆಯ ವಿಷಯದಲ್ಲಿ ನಾನು ಮೆಚ್ಚಿದ ನೀತಿಯನ್ನು ಇಲ್ಲಿ ಮೆಚ್ಚಲಾರೆ. ಪೌರಳೊಬ್ಬಳು ತನ್ನ ಗಂಡನ ಜೊತೆ ಬಾಳುವ ಹಕ್ಕನ್ನು ಸಂಬಳದ ಚೀಟಿಯಿಂದ ಅಳೆಯುವುದು ಸರಿಯಲ್ಲ ಎಂದು ನಾನು ದೃಢವಾಗಿ ನಂಬುತ್ತೇನೆ.

ನಮಗೆ ಉಳಿದ ದಾರಿಯೆಂದರೆ ನಾನು ಮುಂದಾಗಿ ಹೋಗುವುದು. ಅಲ್ಲಿನ ದಾದಿಯ ನೋಂದಣಿಯನ್ನು ನಾನು ಬಿಟ್ಟುಕೊಟ್ಟಿರಲಿಲ್ಲ. 3 ವರ್ಷಕ್ಕೊಮ್ಮೆ 450 ಗಂಟೆಗಳ ಕೆಲಸ ಮತ್ತು 35 ಗಂಟೆಗಳ ಕಲಿಕೆಯ ದಾಖಲೆ ತೋರಿಸಿದರೆ ಹೊರದೇಶದಲ್ಲಿದ್ದುಕೊಂಡೂ ಅದನ್ನು ಉಳಿಸಿಕೊಳ್ಳಬಹುದು, ಮರಳುವ ಯೋಚನೆ ಒಂದಿಷ್ಟಾದರೂ ಇರುವ ದಾದಿಯರೆಲ್ಲರೂ ಇದನ್ನು ಗಮನದಲ್ಲಿಡಬೇಕು. ಇಂಗ್ಲೆಂಡಿನಲ್ಲಿ ಐದನೇ ಶ್ರೇಣಿಯ ದಾದಿಯ ಆರಂಭಿಕ ಸಂಬಳ 2025-26ರಲ್ಲಿ 31,049 ಪೌಂಡ್, ಮಿತಿಗಿಂತ ಸ್ವಲ್ಪವೇ ಮೇಲೆ. ಒಂದೇ ಕಡೆ 6 ತಿಂಗಳು ದುಡಿದು ಆ ಸಂಬಳದ ಚೀಟಿಗಳನ್ನಿಟ್ಟು ಗಂಡನ ಅರ್ಜಿ ಹಾಕಬಹುದು. ಮಗಳಿಗೆ ಆ ಕಾಲ ಅಪ್ಪನಿಲ್ಲದೆ ಕಳೆಯುತ್ತದೆ ಎಂಬ ನೋವನ್ನು ನಾನು ಮುಚ್ಚಿಡುವುದಿಲ್ಲ.

ಹಣದ ವಿಷಯದಲ್ಲಿ ಎರಡು ಮಾತು ಸಾಕು. ಭಾರತದಲ್ಲಿ ಕೃಷಿ ಆದಾಯಕ್ಕೆ ಆದಾಯ ತೆರಿಗೆ ಇಲ್ಲ, ಆದರೆ ಬ್ರಿಟನ್ನಿನ ನಿವಾಸಿಯಾದವರು ಜಗತ್ತಿನ ಎಲ್ಲ ಕಡೆಯ ಆದಾಯವನ್ನೂ ಅಲ್ಲಿ ತೋರಿಸಬೇಕು. 10 ವರ್ಷ ಹೊರಗಿದ್ದು ಮರಳಿದವರಿಗೆ 2025ರ ಏಪ್ರಿಲ್ 6ರಿಂದ ಹೊರದೇಶದ ಆದಾಯದ ಮೇಲೆ 4 ವರ್ಷಗಳ ವಿನಾಯಿತಿ ಸಿಗುತ್ತದೆ, ಆದರೆ ಅದನ್ನು ಪಡೆದರೆ ಅಲ್ಲಿನ ತೆರಿಗೆಮುಕ್ತ ಮಿತಿ ಕೈತಪ್ಪುತ್ತದೆ. ನಮ್ಮಂಥ ಸಣ್ಣ ತೋಟದವರಿಗೆ ಅದು ಲಾಭವೇ ಎಂದು ಲೆಕ್ಕ ಹಾಕಿಯೇ ನಿರ್ಧರಿಸಬೇಕು. ಇನ್ನು ಅಲ್ಲಿನ ಸರಕಾರಿ ಪಿಂಚಣಿ, ಭಾರತದಲ್ಲಿ ನೆಲೆಸಿದವರಿಗೆ ಮೊದಲ ದಿನದ ಮೊತ್ತದಲ್ಲೇ ನಿಂತುಬಿಡುತ್ತದೆ, ಅಲ್ಲಿ ವಾಸವಿದ್ದವರಿಗೆ ವರ್ಷವರ್ಷವೂ ಏರುತ್ತದೆ. ಪೂರ್ಣ ಪಿಂಚಣಿಗೆ 35 ವರ್ಷಗಳ ವಂತಿಗೆ ಬೇಕಿರುವಾಗ ನನ್ನದು ಅದರ ಮೂರನೆಯ ಒಂದು ಭಾಗದಷ್ಟೇ ಆಗಿದೆ.

ತೋಟವನ್ನು ಮಾರುವುದಿಲ್ಲ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುವುದನ್ನೂ ಮೊದಲ ಕೊಯ್ಲನ್ನೂ ಗಂಡ ಈ ವರ್ಷ ತಾವೇ ನಿಂತು ಮುಗಿಸುತ್ತಾರೆ. ಮುಂದೆ ಮೈದುನ ನೋಡಿಕೊಳ್ಳಲು ಒಪ್ಪಿದ್ದಾನೆ. ಗಂಡನ ವೀಸಾ ಅರ್ಜಿಗೆ ಬೇಕಾದ ದಾಖಲೆಗಳನ್ನು ನಾನು ಹೊರಡುವ ಮೊದಲೇ ಜೋಡಿಸಿಡುತ್ತಿದ್ದೇನೆ, ಸಂಬಳದ ಚೀಟಿಗಳು ಡಿಸೆಂಬರ್ ಅಥವಾ ಜನವರಿಯ ಹೊತ್ತಿಗೆ ಸೇರಿಕೊಳ್ಳಬೇಕು. ಮಗಳ ಶಾಲೆಗಾಗಿ ಲೆಸ್ಟರಿನ ನಗರಸಭೆಗೆ ಅರ್ಜಿ ಸಲ್ಲಿಸಲು ಅಲ್ಲಿ ಒಂದು ವಿಳಾಸ ಬೇಕಾಗಿರುವುದರಿಂದ ಬಾಡಿಗೆ ಮನೆ ಹುಡುಕುವುದೇ ಈಗಿನ ಮೊದಲ ಕೆಲಸ.